ಸೊಸೆಯಂದಿರ ಸೆರಗಿನ ಚೇಳು

ಓದುವಾಗ ಎಣಿಸುವ ಚಟ ನನಗಿದೆ. ಕತೆಯಲ್ಲಿ ಕಾಗೆ ಒಮ್ಮೆ ಬಂದರೆ ಅದು ಬರೀ ಕಾಗೆ. ಎರಡನೆಯ ಸಲ ಬಂದರೆ ನಾನು ಪೆನ್ನು ಹುಡುಕುತ್ತೇನೆ. ಮೂರನೆಯ ಸಲಕ್ಕೆ ಅದು ಆಶಯ ಎನಿಸಿಕೊಂಡು, ವಾರ ಮತ್ತು ಪುಟಸಂಖ್ಯೆಯ ಸಮೇತ ನನ್ನ ಡೈರಿ ಸೇರುತ್ತದೆ. ಮತ್ತೆ ಮತ್ತೆ ಬರುವುದೆಲ್ಲ ಮಾಡಿದವರ ಮನಸ್ಸಿನ ಆಳದಿಂದಲೇ ಬರುತ್ತದೆ ಎಂದು ನಂಬಿದವಳು ನಾನು. ಈಗಲೂ ನಂಬುತ್ತೇನೆ. ಆ ಆಳದಲ್ಲಿ ಏನೇನಿರುತ್ತದೆ ಎಂಬುದಷ್ಟೇ ಗೊತ್ತಿರಲಿಲ್ಲ.

ಬೆಳಗಾವಿಯ ಶಿವಬಸವ ನಗರದ ನಮ್ಮ ಓದುಬಳಗದಲ್ಲಿ ಆಶಯಗಳ ಬಗ್ಗೆ ಪ್ರಬಂಧ ಓದುವ ಸರದಿ ನನ್ನದಾಯಿತು. ಉಳಿದವರು ಕಾದಂಬರಿ ಹಿಡಿದಿದ್ದರು, ನಾನು ಸೀರೆ ಹಿಡಿದೆ. ಖಾನಾಪುರದಲ್ಲಿರುವ ಆಯಿ, ಅಂದರೆ ಅಪ್ಪನ ತಾಯಿ, ಮನೆಯ ಹೆಂಗಸರಿಗೆಲ್ಲ ಇಳಕಲ್ ಸೀರೆಯ ಮೇಲೆ ತಾನೇ ಎಳೆ ಎಣಿಸಿ ಕಸೂತಿ ಹಾಕಿ ಕೊಟ್ಟವಳು. ಸೋಮವಾರದಿಂದ ಗುರುವಾರದವರೆಗೆ ಒಂಬತ್ತು ಸೀರೆ ಹಾಸಿ ಲೆಕ್ಕ ತೆಗೆದೆ. ಆನೆ ಅರವತ್ತೆರಡು, ಗೋಪುರ ನಲವತ್ತು, ತೊಟ್ಟಿಲು ಹದಿನೇಳು. ನಾಲ್ಕು ಸೀರೆಗಳ ಸೆರಗಿನ ಮೂಲೆಯಲ್ಲಿ ಮಾತ್ರ ಉಗುರಿನಷ್ಟು ಚೇಳು. ನಾಲ್ಕೂ ಸೊಸೆಯಂದಿರ ಸೀರೆಗಳು. ಮೂವರು ಚಿಕ್ಕಮ್ಮಂದಿರಿಗೆ ಒಂದೊಂದು, ನಮ್ಮವ್ವನ ಮದುವೆಯ ಸೀರೆಗೆ ಮೂರು! ಹಿಗ್ಗಿನಿಂದ ಎರಡು ಪುಟ ಬರೆದೆ: ಚೇಳು ಹೊಸ್ತಿಲು ಕಾಯುವ ತಾಯ್ತನದ ಸಂಕೇತ, ಮೂರು ಚೇಳು, ಹಿರಿಸೊಸೆಯ ಮೇಲಿನ ಮೂರು ಪಟ್ಟು ಅಕ್ಕರೆ.

ಭಾನುವಾರ ಖಾನಾಪುರಕ್ಕೆ ಹೋಗಿ ಆಯಿಗೆ ಓದಿ ಹೇಳಿದೆ. ಆಕೆ ನಕ್ಕು ನಕ್ಕು ಕೆಮ್ಮಿದಳು. “ಅಯ್ಯ ಹುಚ್ಚಿ, ಅಕ್ಕರಿ ಎಲ್ಲಿಂದ ಬರತೈತಿ? ಯಾರ ನಾಲಿಗಿ ಕುಟಕತೈತಿ, ಅವರ ಸೆರಗಿಗೆ ಒಂದು ಚೇಳು.”

“ಮತ್ತ ಅವ್ವಗ ಮೂರು?”

“ಹೆಣ್ಣು ನೋಡಾಕ ಹೋದ ದಿನಾನ ನಾ ಉಟ್ಟ ಸೀರಿ ನೋಡಿ, ‘ಆನಿ ಒಂದು ಕಾಲು ಗಿಡ್ಡ ಆಗೇತ್ರಿ’ ಅಂದ್ಲು. ಇನ್ನೂ ನಮ್ಮ ಹೊಸ್ತಿಲಾ ತುಳಿದಿದ್ದಿಲ್ಲ ನೋಡು!”

“ಖರೇನ ಗಿಡ್ಡ ಆಗಿತ್ತೇನು?”

“ಖರೇ ಆಗಿತ್ತು. ಅದಕ್ಕ ಮೂರು.”

ದಿನಾ ಲಿಂಗಪೂಜೆ ಮುಗಿಸದೆ ನೀರು ಕುಡಿಯದ ನನ್ನ ಆಯಿ! ಬೆಳಗಾವಿಗೆ ಮರಳುವ ಬಸ್ಸಿನಲ್ಲಿ ಆ ಎರಡು ಪುಟಗಳನ್ನು ಮತ್ತೆ ತೆರೆದೆ. ಇಪ್ಪತ್ತಾರು ವರ್ಷಗಳಿಂದ ಅವ್ವ ಆ ಸೀರೆಯನ್ನು ಪ್ರತಿ ಮದುವೆಗೂ ಉಟ್ಟಿದ್ದಾಳೆ, ಸೆರಗು ಮುಂದೆ ತಂದು ಫೋಟೋ ತೆಗೆಸಿಕೊಂಡಿದ್ದಾಳೆ. ಶನಿವಾರ ನನ್ನ ಪ್ರಬಂಧ ಕೇಳಲು ಇಬ್ಬರೂ ಬರುವವರಿದ್ದರು. ನಿಜ ಓದಿದರೆ ಮನೆ ಎರಡಾಗುತ್ತದೆ. ಬರೆದದ್ದನ್ನೇ ಓದಿದರೆ ತಿಳಿದೂ ತಿಳಿದೂ ಸುಳ್ಳು ಹೇಳಿದಂತಾಗುತ್ತದೆ. ಮೂರು ದಿನ ಡೈರಿಯಲ್ಲಿ ವಾರದ ಹೆಸರು ಬಿಟ್ಟು ಬೇರೇನೂ ಬರೆಯಲಾಗಲಿಲ್ಲ. ಬುಧವಾರ ಸಂಜೆ ತಡೆಯಲಾರದೆ, ರೊಟ್ಟಿ ಬಡಿಯುತ್ತಿದ್ದ ಅವ್ವನ ಮುಂದೆ ಕುಳಿತು ಎಲ್ಲವನ್ನೂ ಹೇಳಿಬಿಟ್ಟೆ.

ಅವ್ವ ಕೈ ನಿಲ್ಲಿಸಲಿಲ್ಲ. “ಗೊತ್ತೈತಿ ತಗೋ. ಮದಿವ್ಯಾದ ವಾರದಾಗ ನೋಡೀನಿ.”

“ಸಿಟ್ಟು ಬರಲಿಲ್ಲೇನವ್ವಾ?”

“ಸಿಟ್ಟ್ಯಾಕ? ನಾನೂ ಅತ್ತಿಯವರ ತಲದಿಂಬಿಗೆ ಕಸೂತಿ ಹಾಕಿ ಕೊಟ್ಟೀನಿ. ಎಣಿಸೂದಂದ್ರ ನಿನಗ ಪ್ರೀತಿ ಅಲ್ಲಾ, ಹೋಗಿ ಎಣಿಸು. ಐದು ಚೇಳು ಅದಾವು.”

“ಆಯಿಗೆ ಗೊತ್ತಾದ್ರ?”

“ದಿನಾ ಅದರ ಮ್ಯಾಲೆ ತಲಿ ಇಟ್ಟು ಮಲಗತಾರ. ಗೊತ್ತಾಗದ ಇರತೈತೇನು? ರೊಟ್ಟಿ ಆರತೈತಿ, ತಿನ್ನು.”

ಶನಿವಾರ ಒಂದಕ್ಷರವನ್ನೂ ಬದಲಿಸದೆ ಓದಿದೆ. ಮುಂದಿನ ಸಾಲಿನಲ್ಲಿ ಇಬ್ಬರೂ ಭುಜಕ್ಕೆ ಭುಜ ತಾಗಿಸಿ ಕುಳಿತಿದ್ದರು. ಮೂರು ಪಟ್ಟು ಅಕ್ಕರೆಯ ಮಾತು ಬಂದಾಗ ಅವ್ವ ಸೆರಗು ಸರಿಮಾಡಿಕೊಂಡಳು, ಆಯಿ ಗಂಭೀರವಾಗಿ ತಲೆದೂಗಿದಳು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರೂ ಅವರಿಬ್ಬರೇ. ಆಮೇಲೆ ಆಯಿ ನನ್ನ ಗಲ್ಲ ಹಿಂಡಿ, “ಭಾಳ ಚಲೋ ಬರದೀ ಯವ್ವಾ. ನಿನಗೂ ಒಂದು ಸೀರಿ ಹಾಕತೀನಿ” ಎಂದಳು.

ಅಂದಿನಿಂದ ಪ್ರತಿ ಭಾನುವಾರ ತಪ್ಪದೆ ಖಾನಾಪುರಕ್ಕೆ ಹೋಗುತ್ತಿದ್ದೇನೆ. ಆಯಿಯ ಕಾಲು ಒತ್ತುತ್ತೇನೆ, ಸೂಜಿಗೆ ದಾರ ಪೋಣಿಸಿ ಕೊಡುತ್ತೇನೆ, ಆಕೆ ಏನೆಂದರೂ “ಹೌದು ಆಯಿ” ಎನ್ನುತ್ತೇನೆ. ನಾನೆಷ್ಟು ಒಳ್ಳೆಯ ಮೊಮ್ಮಗಳು ಎಂದು ನೆರೆಹೊರೆಯವರೆಲ್ಲ ಹೊಗಳುತ್ತಿದ್ದಾರೆ. ನನ್ನ ಸೀರೆಯ ಸೆರಗು ಇನ್ನೂ ಅರ್ಧ ಬಾಕಿ ಇದೆ.