ನೂರೈವತ್ತು ಗ್ರಾಂ ಅನ್ನ

ಐವತ್ತೇಳು ವರ್ಷ ಸತ್ಯಾತ್ಮರ ಅನ್ನವನ್ನು ಯಾರೂ ತೂಗಿರಲಿಲ್ಲ. ಸತ್ಯಾತ್ಮರನ್ನೇ ತೂಗಿದ್ದುಂಟು. ಐದನೆಯ ವಯಸ್ಸಿನಲ್ಲಿ ಉಡುಪಿಯಲ್ಲಿ ತುಲಾಭಾರಕ್ಕೆ ಕೂರಿಸಿದಾಗ, ತಂದಿದ್ದ ಬೆಲ್ಲ ಸಾಲದೆ ಅಂಗಡಿಗೆ ಎರಡು ಸಲ ಓಡಬೇಕಾಯಿತೆಂದು ತಾಯಿ ಅಮ್ಮಣ್ಣಿಯಮ್ಮ ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. ಅಂಥ ಮಹಾಪುರುಷನಿಗೆ ತಮಿಳು ಸೀಮೆಯ ವೆಸ್ಟ್ ಮಾಂಬಲಂನ ಸ್ವಂತ ಫ್ಲಾಟಿನಲ್ಲಿ, ಸ್ವಂತ ಹೆಂಡತಿ ವೃಂದಾಳ ಕೈಯಿಂದ, ಅನ್ನವನ್ನು ಚಿನ್ನದ ಹಾಗೆ ತೂಗಿಸಿಕೊಂಡು ಉಣ್ಣುವ ಕಾಲ ಬಂತು.

ಕಾರಣ ಸಕ್ಕರೆ. (ಡಬ್ಬಿಯದ್ದಲ್ಲ, ರಕ್ತದ್ದು.) ಡಾಕ್ಟರು ರಿಪೋರ್ಟನ್ನು ಎರಡು ಸಲ ಓದಿ, ಕನ್ನಡಕ ತೆಗೆದು, ಮೂರು ತಿಂಗಳ ಗಡುವು ಕೊಟ್ಟಿದ್ದರು. ಅಷ್ಟರಲ್ಲಿ ಊಟದಿಂದಲೇ ಇಳಿಸಿಕೊಂಡರೆ ಸರಿ, ಇಲ್ಲದಿದ್ದರೆ ದಿನವೂ ಇನ್ಸುಲಿನ್ ಸೂಜಿ.

ಸೂಜಿ ಎಂಬ ಮಾತು ಕೇಳಿ ಅಮ್ಮಣ್ಣಿಯಮ್ಮ ದೇವರ ಮುಂದೆ ಹೋಗಿ ಕೂತರು. ಗಂಡನಿಗೆ ಹನ್ನೊಂದು ವರ್ಷ ದಿನವೂ ಬೆಳಿಗ್ಗೆ ತಮ್ಮ ಕೈಯಾರೆ ಸೂಜಿ ಚುಚ್ಚಿದವರು ಅವರು. ಚುಚ್ಚಿಯೂ ಕೊನೆಗೆ ಗಂಡನ ಕಣ್ಣು ಹೋದದ್ದನ್ನು ಕಂಡವರು. ಎಂಬತ್ತೆರಡನೆಯ ವಯಸ್ಸಿನಲ್ಲಿ ಮಗನಿಗೂ ಅದೇ ಸೇವೆ ಮಾಡುವ ಶಕ್ತಿ ಅವರಲ್ಲಿರಲಿಲ್ಲ. ಇನ್ನು ಸತ್ಯಾತ್ಮರು, ಹೂ ಪೋಣಿಸುವ ಸೂಜಿ ಕಂಡರೂ ಪಕ್ಕದ ಕೋಣೆಗೆ ಹೋಗುವವರು.

ಆಗ ಡಾಕ್ಟರೇ ಒಂದು ದಾರಿ ತೋರಿಸಿದರು. ಊರಿನ ಒಂದು ಸಂಶೋಧನಾ ಸಂಸ್ಥೆಯವರು, ಅನ್ನ ಬಿಡದೆ ಬರೀ ಅಳತೆಯಲ್ಲಿ ಉಂಡರೆ ಸಕ್ಕರೆ ಎಷ್ಟು ಇಳಿಯುತ್ತದೆ ಎಂದು ಹನ್ನೆರಡು ವಾರ ಪರೀಕ್ಷೆ ಮಾಡುತ್ತಿದ್ದರು. 'ಅನ್ನ ಬಿಡದೆ' ಎಂಬಷ್ಟನ್ನು ಕೇಳಿಯೇ ಸತ್ಯಾತ್ಮರು ಸಹಿ ಹಾಕಿದರು. ಅವರಿಗೆ ನಂಬರ್ ನಲವತ್ತೊಂದು ಬಂತು. ಕೆಳಮನೆಯ ಕಮಲಾಕರರಿಗೂ ಸಕ್ಕರೆ, ಅವರಿಗೆ ನಲವತ್ತೆರಡು. ಕಮಲಾಕರರು ಕುಂದಾಪುರದ ಕಡೆಯವರು, ಸ್ಟೇಷನ್ನಿನ ಹತ್ತಿರದ ಸಸ್ಯಾಹಾರಿ ಹೋಟೆಲೊಂದರಲ್ಲಿ ಅಡುಗೆಯ ಮೇಲ್ವಿಚಾರಕರು.

ಸಂಸ್ಥೆಯ ಹುಡುಗಿ ತುಂಗಾ ಎರಡೂ ಮನೆಗೆ ಒಂದೊಂದು ಪುಟ್ಟ ತೂಕದ ಯಂತ್ರ, ಒಂದೊಂದು ಪುಸ್ತಕ ಕೊಟ್ಟು ನಿಯಮ ಹೇಳಿದಳು. ಒಂದು ಹೊತ್ತಿಗೆ ಬೆಂದ ಅನ್ನ ನೂರೈವತ್ತು ಗ್ರಾಂ. ಇಡ್ಲಿಯಾದರೂ ಅಷ್ಟೇ. ತರಕಾರಿ ಧಾರಾಳ. ತಿಂದದ್ದನ್ನೆಲ್ಲ ಬರೆಯಬೇಕು. (ಚಾತುರ್ಮಾಸ್ಯ ಮುಗಿದ ಮೇಲೆ ಇದು ಶುರುವಾದದ್ದು ವಿಜ್ಞಾನದ ಪುಣ್ಯ. ತರಕಾರಿಯನ್ನೇ ಮುಟ್ಟದ ಶಾಕವ್ರತದ ತಿಂಗಳಲ್ಲಿ ಬಂದು "ತರಕಾರಿ ಧಾರಾಳವಾಗಿ ತಿನ್ನಿ" ಅಂದಿದ್ದರೆ ಅಮ್ಮಣ್ಣಿಯಮ್ಮ ಅವಳಿಗೆ ಬಾಗಿಲಲ್ಲೇ ಮಂತ್ರಾಕ್ಷತೆ ಕೊಟ್ಟು ಕಳಿಸುತ್ತಿದ್ದರು.)

ಯಂತ್ರ ಕಂಡು ಸತ್ಯಾತ್ಮರಿಗೆ ಹಳೆಯ ಸ್ನೇಹಿತ ಸಿಕ್ಕಂತಾಯಿತು. ಮಣಲಿಯ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ಮೂವತ್ತೊಂದು ವರ್ಷದಿಂದ ಲಾರಿ ತೂಗಿಸುವವರು ಅವರು. ತೂಕ ಕಮ್ಮಿ ಬಂತೆಂದು ಗೋಗರೆದ ಡ್ರೈವರುಗಳಿಗೆಲ್ಲ ಅವರದು ಒಂದೇ ಉತ್ತರ: "ಮಿಷನ್ ಹೇಳಿದ ಮೇಲೆ ಮುಗೀತು."

ಆದರೆ ಅಮ್ಮಣ್ಣಿಯಮ್ಮನವರ ಅಡುಗೆಮನೆಗೆ ತನ್ನದೇ ಆದ ವಿಜ್ಞಾನವಿತ್ತು. ಅನ್ನ ತಗುಲಿದ್ದು ಮುಸುರೆ. ಮುಸುರೆಯಾದದ್ದನ್ನು ತೊಳೆಯಬೇಕು. ಮೊದಲ ದಿನ ಊಟವಾದ ಮೇಲೆ ಯಂತ್ರವನ್ನು ನಲ್ಲಿಯ ಕೆಳಗೆ ಹಿಡಿದು, ಚೆನ್ನಾಗಿ ತೊಳೆದು, ಬಾಲ್ಕನಿಯ ಬಿಸಿಲಲ್ಲಿ ಬೋರಲು ಹಾಕಿದರು. 'ನೀರು ತಾಗಿಸಬಾರದು' ಎಂದು ತುಂಗಾ ಅಂಟಿಸಿದ್ದ ಚೀಟಿ ಆ ಪ್ರಥಮ ಸ್ನಾನದಲ್ಲೇ ಕಿತ್ತುಹೋಯಿತು. ಯಂತ್ರ ಸಂಜೆಯವರೆಗೆ ಮೂರ್ಛೆ ಹೋಗಿದ್ದು ಆಮೇಲೆ ಎದ್ದಿತು. ಎದ್ದ ಮೇಲೆ ಅದರ ಬುದ್ಧಿ ಮೊದಲಿನಂತೆಯೇ ಇದೆಯೇ ಎಂದು ಯಾರೂ ವಿಚಾರಿಸಲಿಲ್ಲ. ಅಂದಿನಿಂದ ನಿತ್ಯವೂ ಅದಕ್ಕೆ ಸ್ನಾನ. ಪಾತ್ರೆ ತೊಳೆದದ್ದನ್ನು ಯಾರಾದರೂ ಮಗನಿಗೆ ವರದಿ ಮಾಡುತ್ತಾರೆಯೇ? ಅವರೂ ಮಾಡಲಿಲ್ಲ.

ಎರಡನೆಯ ದಿನ ತಟ್ಟೆ ನೋಡಿ ಸತ್ಯಾತ್ಮರು ಕೇಳಿದರು.

"ಇದೇನು, ನೈವೇದ್ಯಕ್ಕೆ ಇಟ್ಟಿದ್ದಾ?"

"ನಿಮ್ಮ ಊಟ. ನೂರೈವತ್ತು ಗ್ರಾಂ."

"ನಿನ್ನೆ ಇನ್ನೂ ಇತ್ತಲ್ಲ?"

"ನಿಮ್ಮ ಮಿಷನ್ನೇ ಹೇಳ್ತಿದೆ, ಬಂದು ನೋಡಿ."

ಎದ್ದು ಹೋಗಿ ನೋಡಿದರು. ನೂರೈವತ್ತು. ಖಾಲಿಯಿಟ್ಟರೆ ಸೊನ್ನೆ. ಮಿಷನ್ ಹೇಳಿದ ಮೇಲೆ ಮುಗಿಯಿತು. ನಾಲ್ಕು ತುತ್ತಿಗೆ ಊಟವೂ ಮುಗಿಯಿತು. ಆಮೇಲೆ ಹುರುಳಿಕಾಯಿ ಪಲ್ಯ, ಕೋಸಿನ ಪಲ್ಯ, ಬೂದುಗುಂಬಳದ ಮಜ್ಜಿಗೆಹುಳಿಗಳ ಕಡೆ ದುಃಖದಿಂದ ತಿರುಗಿದರು.

ಎರಡನೆಯ ವಾರ ಇಡ್ಲಿಯ ಯುದ್ಧವಾಯಿತು. ಯಂತ್ರದ ಪ್ರಕಾರ ಒಂದು ಇಡ್ಲಿ ತೊಂಬತ್ತನಾಲ್ಕು ಗ್ರಾಂ ತೂಗುತ್ತಿತ್ತು. ಅಂದರೆ ಅವರ ಪಾಲಿಗೆ ಎರಡು ಇಡ್ಲಿಯೂ ಬರಲಿಲ್ಲ.

"ಇಡ್ಲಿ ಮಾಡಿದೀಯಾ, ಇಟ್ಟಿಗೆ ಮಾಡಿದೀಯಾ?" ಎಂದರು ಸತ್ಯಾತ್ಮರು. "ಇಷ್ಟು ವರ್ಷ ನನ್ನ ಹೊಟ್ಟೆಗೆ ಏನು ಸುರಿದೆ ಅಂತ ಈಗ ಗೊತ್ತಾಯ್ತು."

"ಇಟ್ಟಿಗೇನ ಎಂಟೆಂಟು ತಿಂತಿದ್ರಲ್ಲ, ಆಗ ಹಲ್ಲು ನೋವು ಬರ್ಲಿಲ್ವಾ?"

"ನಾನು ಹೇಳ್ತಿಲ್ಲ. ಮಿಷನ್ ಹೇಳ್ತಿದೆ."

ವೃಂದಾ ಇಡ್ಲಿಯ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಹಿಟ್ಟು ಉಬ್ಬಿಲ್ಲ ಎಂದು ಯಾರಿಂದಲೂ ಅನ್ನಿಸಿಕೊಂಡವಳಲ್ಲ ಅವಳು. ಆಮೇಲೆ ಅವಳು ಅಡುಗೆಮನೆಯಲ್ಲಿ ಬಹಳ ಹೊತ್ತು ಒಬ್ಬಳೇ ಇದ್ದಳು. ಅಳುತ್ತಿರಬೇಕು ಎಂದುಕೊಂಡು ಸತ್ಯಾತ್ಮರು ಅತ್ತ ಕಡೆ ಹೋಗಲಿಲ್ಲ.

ಹಸಿವಿನ ಕಥೆ ಏನು ಹೇಳುವುದು. ಮಾಂಬಲಂನಲ್ಲಿ ಲೋಕಲ್ ರೈಲು ಹತ್ತಿ ಬೀಚ್ ಸ್ಟೇಷನ್ನಿನಲ್ಲಿ ಇಳಿದು ಮಣಲಿಯ ಬಸ್ಸು ಹಿಡಿಯುವಷ್ಟರಲ್ಲಿ ಅವರ ಹೊಟ್ಟೆ ಮೂರು ಭಾಷೆಯಲ್ಲಿ ಮಾತಾಡುತ್ತಿತ್ತು. ಸಂಜೆ ಬರುವಾಗ ಕಮಲಾಕರರ ಹೋಟೆಲಿನ ದೋಸೆಯ ವಾಸನೆಗೆ ಹೆದರಿ ರಸ್ತೆ ದಾಟಿ ನಡೆಯುತ್ತಿದ್ದರು. ಆದರೆ ಒಂದು ದಿನವೂ ಕದ್ದು ತಿನ್ನಲಿಲ್ಲ. ತಂದೆ ಕೊನೆಗಾಲದಲ್ಲಿ ಗೋಡೆ ಹಿಡಿದು ಬಚ್ಚಲಿಗೆ ನಡೆಯುತ್ತಿದ್ದುದು ಕಣ್ಣಿಗೆ ಕಟ್ಟಿತ್ತು. ಈ ಒಂದು ವಿಷಯದಲ್ಲಿ ಅವರನ್ನು ಹಾಸ್ಯ ಮಾಡುವಂತಿಲ್ಲ.

ಹನ್ನೆರಡು ವಾರ ಕಳೆದು ರಕ್ತ ಕೊಟ್ಟರು. ಸಕ್ಕರೆ ಇಳಿದಿತ್ತು. ಸುಮ್ಮನೆ ಇಳಿದದ್ದಲ್ಲ, ಡಾಕ್ಟರು ಮತ್ತೆ ಕನ್ನಡಕ ತೆಗೆಯುವಷ್ಟು ಇಳಿದಿತ್ತು. ಸೂಜಿ ಬೇಡ ಎಂದರು. ಅಮ್ಮಣ್ಣಿಯಮ್ಮ ಮಗನ ಕೆನ್ನೆ ಸವರಿ, "ರೊಂಬ ಇಳಿದುಹೋಗಿದೀಯೋ ಸತ್ಯ, ಆದ್ರೂ ಚೆನ್ನಾಗಿದೀಯ" ಎಂದು ಕಣ್ಣೊರೆಸಿಕೊಂಡರು.

ಸತ್ಯಾತ್ಮರ ಎದೆ ಕೃತಜ್ಞತೆಯಿಂದ ತುಂಬಿ ಬಂತು. ಅದನ್ನು ಹಂಚಲು ಹೊರಟರು. ಮೊದಲು ಮಠಕ್ಕೆ ಹೋಗಿ ರಾಯರಿಗೆ ಕೈಮುಗಿದರು. ಆಮೇಲೆ ವಿಜ್ಞಾನವನ್ನು ಸ್ತುತಿಸಿದರು. ಆಮೇಲೆ ತಮ್ಮ ಮನೋಬಲವನ್ನು. ತೀರ್ಥಪ್ರಸಾದದ ಸಾಲಿನಲ್ಲಿ ಸಿಕ್ಕವರಿಗೆಲ್ಲ, "ಕಮ್ಮಿ ಉಂಡು ಸಾಯಬೇಡಿ. ನಾನು ಕಮ್ಮಿ ಉಣ್ಣಲೇ ಇಲ್ಲ. ಕರೆಕ್ಟಾಗಿ ನೂರೈವತ್ತು ಉಂಡೆ. ಪ್ರಮಾಣಬದ್ಧ ಆಹಾರ" ಎಂದು ಪ್ರವಚನ ಕೊಟ್ಟರು. ಬರುವಾಗ ಒಂದು ಮೊಳ ಮಲ್ಲಿಗೆ ತಂದರು. ವೃಂದಾ ನಕ್ಕು, ಮುಡಿಸಲೆಂದು ಬೆನ್ನು ತಿರುಗಿಸಿ ನಿಂತಳು. ಸತ್ಯಾತ್ಮರು ಅವಳನ್ನು ಸುತ್ತಿಕೊಂಡು ಮುಂದೆ ಹೋಗಿ ಮಲ್ಲಿಗೆಯನ್ನು ತೂಕದ ಯಂತ್ರಕ್ಕೆ ಹಾರದಂತೆ ಹಾಕಿದರು.

(ಇದನ್ನು ಓದುವ ಗಂಡಸರು ಇಲ್ಲಿ ಸ್ವಲ್ಪ ಹೊತ್ತು ತಲೆ ತಗ್ಗಿಸಿ ಕೂರಬಹುದು.)

ಇಷ್ಟಕ್ಕೇ ಬಿಟ್ಟಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಭಾನುವಾರ ಮಧ್ಯಾಹ್ನ ಉಪದೇಶ ಮಾಡಲು ಕಮಲಾಕರರ ಮನೆಗೆ ಇಳಿದರು. ಅವರು ಆಗ ತಾನೇ ಬಡಿಸಿಕೊಂಡು, ಇನ್ನೂ ಕೈ ಹಾಕದೆ ಕೂತಿದ್ದರು. ತಟ್ಟೆಯಲ್ಲಿ ಅನ್ನದ ಗುಡ್ಡ.

"ಇದೆಷ್ಟು ಕಮಲಾಕರರೇ?"

"ನೂರೈವತ್ತು. ತೂಗಿಯೇ ಹಾಕಿದ್ದು."

"ಇದು ನೂರೈವತ್ತಾ? ವಿಜ್ಞಾನಕ್ಕೆ ಮೋಸ ಮಾಡಬಾರದು ಸಾರ್."

"ಎಂತ ಮಾರಾಯ್ರೆ ನೀವು ಹೇಳುದು? ದಿನಕ್ಕೆ ನೂರು ಕಿಲೋ ಅಕ್ಕಿ ಬೇಯಿಸುವವ ನಾನು. ಒಂದು ಸೌಟು ಎಷ್ಟು ಅಂತ ನನ್ನ ಕೈಗೆ ಗೊತ್ತುಂಟು."

ಸತ್ಯಾತ್ಮರು ತಟ್ಟೆಯನ್ನೇ ಎತ್ತಿಕೊಂಡು ಮೆಟ್ಟಿಲು ಹತ್ತಿದರು. ಹಸಿದ ಕಮಲಾಕರರು ಹಿಂದೆಯೇ ಹತ್ತಿದರು. ಯಂತ್ರದ ಮೇಲಿಡುವಾಗ ವೃಂದಾ ಅಡ್ಡ ಬಂದಳು. "ಬೇಡ ರೀ. ಬಿಟ್ಟುಬಿಡಿ. ಅವರವರ ಊಟ ಅವರವರಿಗೆ." ಅವಳ ಮುಖ ಬಿಳಿಚಿಕೊಂಡಿತ್ತು. ಅಂಥದೇ ಖಾಲಿ ತಟ್ಟೆಯ ತೂಕ ಕಳೆದ ಮೇಲೆ ಯಂತ್ರದ ಲೆಕ್ಕ ಇನ್ನೂರ ಎಂಬತ್ತೊಂದು.

"ನೋಡಿದಿರಾ?" ಎಂದರು ಸತ್ಯಾತ್ಮರು.

"ನನ್ನನ್ನು ಸುಳ್ಳುಗಾರ ಮಾಡಿದಿರಿ," ಎಂದರು ಕಮಲಾಕರರು. ತಟ್ಟೆ ತೆಗೆದುಕೊಂಡು ಇಳಿದು ಹೋದರು. ಅಂದು ಅವರು ಊಟ ಮಾಡಲಿಲ್ಲವೆಂದು ಆಮೇಲೆ ತಿಳಿಯಿತು. ಸತ್ಯಾತ್ಮರು ಮಾತ್ರ ಸಂಶೋಧನೆಯ ಪಾವಿತ್ರ್ಯ ಕಾಪಾಡಲು ತುಂಗಾಳಿಗೆ ಫೋನ್ ಮಾಡಿ ದೂರು ಕೊಟ್ಟರು.

ಮರುದಿನ ಸಂಜೆ ತುಂಗಾ ಬಂದಳು. ಕಮಲಾಕರರು ತಮ್ಮ ಯಂತ್ರ ಹಿಡಿದು, ಯಾರ ಮುಖವನ್ನೂ ನೋಡದೆ ಬಂದು ನಿಂತರು. ಅವಳು ಚೀಲದಿಂದ ಇನ್ನೂರು ಗ್ರಾಮಿನ ಹಿತ್ತಾಳೆಯ ತೂಕದ ಕಲ್ಲು ತೆಗೆದು ಅವರ ಯಂತ್ರದ ಮೇಲಿಟ್ಟಳು. ಇನ್ನೂರು. ಸತ್ಯಾತ್ಮರ ಯಂತ್ರದ ಮೇಲಿಟ್ಟಳು. ಮುನ್ನೂರ ಎಪ್ಪತ್ತೈದು.

"ಕಲ್ಲು ತಪ್ಪಿರಬೇಕು," ಎಂದರು ಸತ್ಯಾತ್ಮರು. ಮೂವತ್ತೊಂದು ವರ್ಷದಲ್ಲಿ ಎಷ್ಟೋ ಡ್ರೈವರುಗಳು ತಮ್ಮೆದುರು ಆಡಿದ್ದಂಥದೇ ಮಾತು ಈಗ ತಮ್ಮ ಬಾಯಿಂದಲೇ ಬಂತು.

ತುಂಗಾ ಬ್ಯಾಟರಿಯ ಮುಚ್ಚಳ ತೆಗೆದು ಯಂತ್ರವನ್ನು ಓರೆ ಮಾಡಿದಳು. ನಾಲ್ಕು ಹನಿ ನೀರು, ಹಿಂದೆಯೇ ಒಂದು ಸಾಸಿವೆ ಕಾಳು ಬಿದ್ದವು.

"ಅಂಕಲ್, ಇದನ್ನ ಯಾರಾದ್ರೂ ವಾಷ್ ಮಾಡಿದ್ರಾ?"

"ಯಾರಾದ್ರೂ ಅಂದ್ರೇನಮ್ಮ, ನಾನೇ," ಎಂದರು ಅಮ್ಮಣ್ಣಿಯಮ್ಮ ಒಳಗಿನಿಂದ. "ದಿನಾ ತೊಳೀತೀನಿ. ಮುಸುರೆ ಹಾಗೇ ಇಡೋ ಮನೆ ಅಲ್ಲ ಇದು."

ತುಂಗಾ ಮೊಬೈಲಿನಲ್ಲಿ ಲೆಕ್ಕ ಹಾಕಿದಳು. "ನೀವು ನೂರೈವತ್ತು ಅಂತ ಸಾಪ್ಟಿದ್ದು, ಅಂದ್ರೆ ತಿಂದಿದ್ದು, ಎಂಬತ್ತು ಗ್ರಾಂ ಅಂಕಲ್. ನಲವತ್ತೆರಡು ಸರ್ ಕರೆಕ್ಟ್. ಅವರಿಗೂ ಶುಗರ್ ಇಳಿದಿದೆ. ನಿಮ್ಮ ನಂಬರ್ ನಾವು ಸ್ಟಡಿಯಿಂದ ತೆಗೀಲೇಬೇಕು. ಸಾರಿ ಅಂಕಲ್."

ನಲವತ್ತೊಂದರ ಹನ್ನೆರಡು ವಾರದ ತಪಸ್ಸು ಒಂದು ಗೆರೆಯಲ್ಲಿ ಹೊಡೆದು ಹೋಯಿತು. ಸತ್ಯಾತ್ಮರು ಕುರ್ಚಿಯಲ್ಲಿ ಕೂತರು. "ಹಾಗಾದ್ರೆ ನನ್ನ ಸಕ್ಕರೆ?"

"ಅದು ನಿಜ ಅಂಕಲ್. ಬ್ಲಡ್ ಸುಳ್ಳು ಹೇಳಲ್ಲ. ಸೂಜಿ ಬೇಡ ಅಂದದ್ದೂ ನಿಜ."

ಅಷ್ಟರಲ್ಲಿ ವೃಂದಾ ಮುಂದೆ ಬಂದು ತುಂಗಾಳ ಕೈ ಹಿಡಿದಳು. "ತಪ್ಪು ನನ್ನದಮ್ಮ. ನನಗೆ ಎರಡನೇ ವಾರದಲ್ಲೇ ಗೊತ್ತಾಗಿತ್ತು. ನನ್ನ ಇಡ್ಲಿ ತೊಂಬತ್ತನಾಲ್ಕು ಗ್ರಾಂ ಬರೋಕೆ ಸಾಧ್ಯಾನೇ ಇಲ್ಲ. ಅರ್ಧ ಲೀಟರ್ ಹಾಲಿನ ಪ್ಯಾಕೆಟ್ ಇಟ್ಟು ನೋಡಿದೆ. ಒಂದು ಕಿಲೋ ಹತ್ತಿರ ತೋರಿಸ್ತು."

"ಗೊತ್ತಿದ್ದೂ ಹೇಳ್ಲಿಲ್ವಾ?" ಎಂದರು ಸತ್ಯಾತ್ಮರು.

"ಮೂವತ್ತು ವರ್ಷದಿಂದ ಹೇಳ್ತಾನೇ ಇದೀನಲ್ಲ, ಸ್ವಲ್ಪ ಕಮ್ಮಿ ಉಣ್ಣಿ ಅಂತ. ಒಂದು ದಿನ ಕೇಳಿದ್ರಾ? ಮಿಷನ್ ಹೇಳ್ತು, ಕೇಳಿದ್ರಿ. ಡಾಕ್ಟರನ್ನೂ ಕೇಳ್ಕೊಂಡು ಬಂದೆ. ತರಕಾರಿ ಬೇಳೆ ತಿಂತಿದ್ರೆ ಇಷ್ಟು ಅನ್ನ ಸಾಕು, ತೊಂದರೆ ಇಲ್ಲ ಅಂದ್ರು. ನಿಮ್ಮ ಬಾಯಲ್ಲಿ ಇಟ್ಟಿಗೆ ಅನ್ನಿಸ್ಕೊಂಡ್ರೂ ಚಿಂತೆ ಇಲ್ಲ, ಅತ್ತೆ ಕೈಯಲ್ಲಿ ಮತ್ತೆ ಆ ಸೂಜಿ ನೋಡೋದು ಬೇಡ ಅನ್ನಿಸ್ತು." ತುಂಗಾಳ ಕಡೆ ತಿರುಗಿದಳು. "ನಿನ್ನ ಪುಸ್ತಕ ಕೆಡಿಸಿಬಿಟ್ಟೆ, ಕ್ಷಮಿಸಮ್ಮ."

ಮಾತಾಡುವಾಗ ಅವಳ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಸತ್ಯಾತ್ಮರು ಅದನ್ನು ಈಗ ನೋಡಿದರು. "ನೀನ್ಯಾಕೆ ಇಳಿದುಹೋಗಿದೀಯ?"

"ನಾನೂ ಅಷ್ಟೇ ಉಂಡೆ. ಹಸ್ಕೊಂಡಿರೋರ ಎದುರು ಕೂತು ರಾಶಿ ಹಾಕ್ಕೊಂಡು ಉಣ್ಣೋಕಾಗುತ್ತಾ?"

ಹನ್ನೆರಡು ವಾರ ಎದುರೆದುರು ಕೂತು ಉಂಡಿದ್ದರು. ಅವರು ಒಂದು ಸಲವೂ ಅವಳ ತಟ್ಟೆ ನೋಡಿರಲಿಲ್ಲ. ಸತ್ಯಾತ್ಮರಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಇಂಥವಳು ತಮಗೆ ಸಿಕ್ಕಳಲ್ಲ ಎನ್ನಿಸಿತು. ಎದ್ದು ಹೋಗಿ ಕಮಲಾಕರರ ಎರಡೂ ಕೈ ಹಿಡಿದುಕೊಂಡರು. "ತಪ್ಪಾಯ್ತು. ಇವತ್ತು ಇಲ್ಲೇ ಊಟ ಮಾಡಿ."

"ಮಾಡುವ. ಆದರೆ ನನ್ನ ಮಿಷನ್ನಿನಲ್ಲಿ ತೂಗಿದ್ದು," ಎಂದರು ಕಮಲಾಕರರು. "ನಿಮಗೂ ಅದರಲ್ಲೇ. ಪಾಪ, ಮೂರು ತಿಂಗಳಿಂದ ನಿಮ್ಮ ಪಾಲಿನ ಅನ್ನ ಉಣ್ಣಲಿಲ್ಲ ನೀವು."

ಈ ಮಾತು ಸತ್ಯಾತ್ಮರಿಗೂ ಹಿಡಿಸಿತು. ಹೆಂಡತಿಯ ಮೇಲಿನ ಪ್ರೀತಿ ಒಂದು ಕಡೆ, ತಮಗೆ ಸಲ್ಲಬೇಕಾದ ಎಪ್ಪತ್ತು ಗ್ರಾಂ ಇನ್ನೊಂದು ಕಡೆ. ತುಂಗಾಳನ್ನೂ ಊಟಕ್ಕೆ ನಿಲ್ಲಿಸಿಕೊಂಡರು. ಅಪ್ಪಟ ನೂರೈವತ್ತು ಗ್ರಾಂ ಅನ್ನ ಅವರ ತಟ್ಟೆಗೆ ಬಂತು. ನೋಡಿ ಕಣ್ಣು ತಂಪಾಯಿತು. ತೊವ್ವೆಯಲ್ಲಿ ಕಲಸಿ ಉಂಡರು. ಸಾರು ಹಾಕಿಸಿಕೊಂಡು ಉಂಡರು. ಪಲ್ಯ ಉಂಡರು. ಆಮೇಲೆ ಕೈ ನಿಧಾನವಾಯಿತು. ತಟ್ಟೆಯಲ್ಲಿ ಇನ್ನೂ ಅರ್ಧದಷ್ಟು ಅನ್ನವಿತ್ತು.

ಕಮಲಾಕರರು ಉಣ್ಣುವುದನ್ನು ನಿಲ್ಲಿಸಿ ನೋಡಿದರು. ತುಂಗಾಳೂ ನೋಡಿದಳು. ಸತ್ಯಾತ್ಮರು ಸೊಂಟದ ಪಂಚೆ ಸಡಿಲಿಸಿಕೊಂಡರು. ಇನ್ನೊಂದು ತುತ್ತು ಎತ್ತಿದರು, ತಟ್ಟೆಯಲ್ಲೇ ಇಳಿಸಿದರು. ಅನ್ನ ಬಿಡುವಂತಿಲ್ಲ, ಉಣ್ಣಲು ಆಗುವುದಿಲ್ಲ. ಬೆವರು ಬಂತು.

ವೃಂದಾ ಮಜ್ಜಿಗೆ ಹಿಡಿದು ಬಂದು, "ಇನ್ನೊಂಚೂರು ಅನ್ನ ಹಾಕ್ಲಾ?" ಎಂದಳು.

ಸತ್ಯಾತ್ಮರು ಎಡಗೈಯನ್ನು ತಟ್ಟೆಗೆ ಅಡ್ಡ ಹಿಡಿದು, ತಲೆ ತಗ್ಗಿಸಿಕೊಂಡೇ, "ಸಾಕು," ಎಂದರು.

ಮೂವತ್ತು ವರ್ಷದ ಸಂಸಾರದಲ್ಲಿ ಊಟದ ಹೊತ್ತಿನಲ್ಲಿ ಆ ಮಾತು ಅವರ ಬಾಯಿಂದ ಬಂದಿರಲಿಲ್ಲ. ವೃಂದಾ ಮಜ್ಜಿಗೆಯ ಪಾತ್ರೆಯನ್ನು ಕೆಳಗಿಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡು, ಅಮ್ಮಣ್ಣಿಯಮ್ಮ ಇದ್ದ ಅಡುಗೆಮನೆಯ ಕಡೆ ನೋಡಿ ಹೇಳಿದಳು:

"ಸ್ವಲ್ಪ ಜೋರಾಗಿ ಹೇಳಿ. ಅತ್ತೆಗೆ ಕೇಳಿಸ್ಲಿಲ್ಲ."