ಕಿವಿ ಕೇಳಿಸದ ಸಾಹೇಬರು

ನಮ್ಮ ಮನೆಯವರು ತೀರಿಕೊಳ್ಳುವ ಹಿಂದಿನ ದಿನವೆಲ್ಲ ನಾನು ಅವರ ಮೇಲೆ ಕಿರುಚುತ್ತಲೇ ಇದ್ದೆ. ಕೇಳಿದವರು ಏನೇನೋ ಅಂದುಕೊಳ್ಳುತ್ತಾರೆ, ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ. ಅದು ಜಗಳವಲ್ಲ. ಮದುವೆಯಾದಾಗಿನಿಂದ ನಾನು ಅವರ ಹತ್ತಿರ ಮಾತಾಡಿದ್ದೇ ಹಾಗೆ. ದೊಡ್ಡಬಳ್ಳಾಪುರದ ಮಗ್ಗದ ಮನೆಗಳಲ್ಲಿ ಗಂಡನಿಗೆ ಗುಟ್ಟು ಹೇಳಬೇಕಾದರೂ ಬೀದಿಗೆಲ್ಲ ಕೇಳುವ ಹಾಗೆ ಹೇಳಬೇಕು. ಆ ದಿನ ನಾನು ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದೆ. "ಹಿದುಕಿದ ಬೇಳೆ ಮಾಡ್ಲಾ, ಬರೀ ಕಾಳು ಸಾರು ಸಾಕಾ?" ಅಂತ ಕೂಗಿದೆ. ಅವರು ಪೇಪರಿನಿಂದ ತಲೆಯೆತ್ತಿ, "ಯಾರು ಬಂದ್ರು?" ಅಂದರು. ಎದುರು ಮನೆಯ ಅಜ್ಜಿ ಅಲ್ಲಿಂದಲೇ, "ಹಿದುಕಿದ ಬೇಳೆನೇ ಮಾಡವ್ವ, ನಂಗೂ ಒಂದು ಬಟ್ಲು ಕೊಡು" ಅಂದಳು. ಮಧ್ಯಾಹ್ನ ಅವರು ಎರಡು ಸಲ ಬಡಿಸಿಕೊಂಡು ಉಂಡರು, ಬಿಳಿ ಶರ್ಟು ಹಾಕಿಕೊಂಡು ಹಿತ್ತಲಿನ ಕ್ಲಾಸಿಗೆ ಹೋದರು, ಸಂಜೆ ಕಾಫಿಗೆ ಬಂದರು. ಹೇಳಿಕೊಳ್ಳುವಂಥದ್ದು ಏನೂ ನಡೆಯಲಿಲ್ಲ. ಮರುದಿನ ಬೆಳಿಗ್ಗೆ ಹಾಲು ತರಲು ಹೋದವರು ಡೈರಿಯ ಮುಂದೆ ಕುಸಿದು ಕೂತರು. ಮತ್ತೆ ಏಳಲಿಲ್ಲ.

ನಾನು ತ್ಯಾಮಗೊಂಡ್ಲು ಕಡೆಯವಳು. ತವರಿನಲ್ಲಿ ನನ್ನನ್ನು 'ಮೂಗಿ' ಅಂತಲೇ ಕರೆಯುತ್ತಿದ್ದರು, ಅಷ್ಟು ಮೆತ್ತನೆಯ ಮಾತು. ಅಂಥವಳನ್ನು ತಂದು ಹಗಲೂ ರಾತ್ರಿ ಪವರ್‌ಲೂಮ್ ಬಡಿಯುವ ಮನೆಗೆ ಹಾಕಿದರು. ಮೊದಲ ವಾರ ನಾನು ಊಟಕ್ಕೆ ಕರೆದದ್ದು ಯಾರಿಗೂ ಕೇಳಿಸದೆ, ಗಂಡ, ಮಾವ, ಕೂಲಿಯವರು ಎಲ್ಲರೂ ಹಸಿದುಕೊಂಡೇ ಇದ್ದರು. ಆಮೇಲೆ ಕಲಿತೆ. ಮಗ್ಗದ ಮನೆಯವರು ಎರಡು ಥರ ಮಾತಾಡುತ್ತಾರೆ: ಒಂದು ಕಿರುಚುವುದು, ಇನ್ನೊಂದು ತುಟಿ ಆಡಿಸಿ ಕೈಸನ್ನೆ ಮಾಡುವುದು. ನಡುವಿನದ್ದು ಇಲ್ಲ. ಚಿಕ್ಕಂದಿನಿಂದ ಆ ಸದ್ದಿನಲ್ಲೇ ಬೆಳೆದ ನಮ್ಮ ಮನೆಯವರ ಕಿವಿ ಐವತ್ತಕ್ಕೆಲ್ಲ ಕೈಕೊಟ್ಟಿತ್ತು. ಕಿವಿಗೆ ಹಾಕುವ ಮಿಷನ್ನು ಕೊಡಿಸಿದರೆ ಅದನ್ನು ಶರ್ಟಿನ ಜೇಬಿನಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದರು. "ಕಿವಿಗೆ ಹಾಕ್ಕೊಳ್ರೀ" ಅಂದರೆ, "ಹಾಕ್ಕೊಂಡ್ರೆ ನಿನ್ನ ದನಿ ಇನ್ನೂ ಜೋರಾಗಿ ಕೇಳುತ್ತೆ ಕಣೇ" ಅನ್ನುವರು.

ಸೂರತ್ತಿನ ಸೀರೆ ಬಂದು ನಮ್ಮ ಸೀರೆ ಕೇಳುವವರು ಕಡಿಮೆಯಾದ ಮೇಲೆ ಮಗ್ಗ ಮಾರಿದೆವು. ಶೆಡ್ಡು ಖಾಲಿ ಬಿತ್ತು. ನಮಗೆ ಮಕ್ಕಳಿಲ್ಲ, ಆ ಸದ್ದೂ ಇಲ್ಲವಾದ ಮೇಲೆ ಮನೆ ಭಣಭಣ ಅನ್ನುತ್ತಿತ್ತು. ಅಷ್ಟರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದು, ನಮ್ಮ ಕಡೆಯ ಹುಡುಗ ಹುಡುಗಿಯರಿಗೆಲ್ಲ ಏರ್‌ಪೋರ್ಟ್ ಕೆಲಸದ ಹುಚ್ಚು ಹಿಡಿದಿತ್ತು. ಮೊದಲಾದರೆ ಹತ್ತನೇ ಕ್ಲಾಸು ಫೇಲಾದರೆ ಅಪ್ಪ ಬೆನ್ನಿಗೆ ಎರಡು ಬಿಟ್ಟು, "ಮಗ್ಗ ಇದೆಯಲ್ಲ, ಬಾ" ಅನ್ನುತ್ತಿದ್ದ. ಈಗ ಬೆನ್ನಿಗೆ ಬಿಡುವುದಷ್ಟೇ ಉಳಿದಿತ್ತು. ಅಂಥ ಮಕ್ಕಳಿಗಾಗಿ ಒಂದು ಸಂಸ್ಥೆಯವರು ನಮ್ಮ ಶೆಡ್ಡನ್ನು ಬಾಡಿಗೆಗೆ ಹಿಡಿದು ಕ್ಲಾಸು ಶುರು ಮಾಡಿದರು. ಬೆಳಿಗ್ಗೆ ಉಳಿದುಹೋದ ಹತ್ತನೇ ಕ್ಲಾಸಿನ ಪಾಠ, ಮಧ್ಯಾಹ್ನ ಕೆಲಸಕ್ಕೆ ತಯಾರಿ. ತಯಾರಿ ಎಂದರೆ ನಿಲ್ಲುವುದು ಹೇಗೆ, ಕೂರುವುದು ಹೇಗೆ, ಕೈ ಎಲ್ಲಿಟ್ಟುಕೊಳ್ಳಬೇಕು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತ ನಗುನಗುತ್ತಾ ಹೇಳುವುದು ಹೇಗೆ, ಇಂಥವು. ನಲವತ್ತು ವರ್ಷ ಸಂಸಾರ ಮಾಡಿದ ನನಗೇ ಇದರಲ್ಲಿ ಅರ್ಧ ಬರುವುದಿಲ್ಲ.

ಕಲಿಸಲು ಬರುತ್ತಿದ್ದವಳು ಪವಿತ್ರಾ ಮಿಸ್, ಯಲಹಂಕದಿಂದ ಬಸ್ಸಿನಲ್ಲಿ ಬರುವ ಚಿಕ್ಕ ವಯಸ್ಸಿನ ಹುಡುಗಿ. ಮಕ್ಕಳಿಗೆ ಅಭ್ಯಾಸವಾಗಲೆಂದು ಸುಳ್ಳು ಇಂಟರ್‌ವ್ಯೂ ಮಾಡಿಸಲು ಯಾರೋ ರಿಟೈರಾದ ಬ್ಯಾಂಕಿನವರನ್ನು ಒಪ್ಪಿಸಿದ್ದಳಂತೆ, ಅವರು ಕೈಕೊಟ್ಟರು. ಜಗಲಿಯ ಮೇಲೆ ದಪ್ಪ ಮೀಸೆ, ಬಿಳಿ ಶರ್ಟು, ಕನ್ನಡಕ ಹಾಕಿಕೊಂಡು ಕೂತಿದ್ದ ನಮ್ಮ ಮನೆಯವರು ಅವಳ ಕಣ್ಣಿಗೆ ಬಿದ್ದರು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟ ಮನುಷ್ಯ ಹಾಗೆ ಒಂದೇ ಮಧ್ಯಾಹ್ನಕ್ಕೆ ಕಂಪನಿಯ ಸಾಹೇಬರಾದರು. ಮೊದಲ ಹುಡುಗ ಒಳಗೆ ಬಂದ ಕೂಡಲೆ, "ಯಾರ ಮಗನಪ್ಪಾ ನೀನು?" ಅಂದರು.

"ಅಂಕಲ್, ಅಂಥದ್ದೆಲ್ಲ ಕೇಳಂಗಿಲ್ಲ" ಅಂತ ಮಿಸ್ ತಡೆದಳು.

"ಮತ್ತೆ ಯಾರ ಮಗ ಅಂತ ಗೊತ್ತಿಲ್ದೆ ಕೆಲಸ ಹೆಂಗಮ್ಮಾ ಕೊಡೋದು?"

ಮಿಸ್ ಅವರಿಗೆ ಪ್ರಶ್ನೆ ಬಾಯಿಪಾಠ ಮಾಡಿಸಿದಳು. ನಿಮ್ಮ ಬಗ್ಗೆ ಹೇಳಿ. ನಿಮ್ಮ ಬಲ ಏನು, ದೌರ್ಬಲ್ಯ ಏನು. ಐದು ವರ್ಷದ ನಂತರ ಎಲ್ಲಿರುತ್ತೀರಿ. ಮನೆಯಲ್ಲಿ ನನ್ನನ್ನು ಕೂರಿಸಿಕೊಂಡು ಅಭ್ಯಾಸ ಮಾಡುತ್ತಿದ್ದರು. "ಐದು ವರ್ಷದ ನಂತರ ಎಲ್ಲಿರ್ತೀರಿ?" ಅಂದರೆ ನಾನು, "ಒಲೆ ಮುಂದೆ, ಇನ್ನೆಲ್ಲಿ?" ಅನ್ನುವೆ. "ಸೆಲೆಕ್ಟ್ ಆಗ್ಲಿಲ್ಲ, ಹೋಗಿ" ಅನ್ನುವರು.

ಎಲ್ಲ ಸರಿಯಾಗೇ ನಡೆಯಿತು ಅಂದುಕೊಂಡಿದ್ದೆವು. ಒಂದನ್ನು ಮಾತ್ರ ಯಾರೂ ಯೋಚಿಸಿರಲಿಲ್ಲ. ನಮ್ಮ ಸಾಹೇಬರಿಗೆ ಉತ್ತರ ಕೇಳಿಸಬೇಕಲ್ಲ! ಕಿವಿಗೆ ಕೈ ಅಡ್ಡ ಇಟ್ಟು, "ಏನು? ಇನ್ನೊಂದು ಸಲ ಹೇಳು" ಅನ್ನುವರು. ಮಕ್ಕಳೂ ಮಗ್ಗದ ಮನೆಯವರೇ, ಕಿರುಚುವುದನ್ನು ಹೇಳಿಕೊಡಬೇಕೇ? ಹೀಗೆ ಮೊದಲ ಬ್ಯಾಚು ಪೂರ್ತಿ ತಯಾರಾಗಿ ನಿಜವಾದ ಇಂಟರ್‌ವ್ಯೂಗೆ ಹೋಯಿತು. ತಣ್ಣನೆಯ ಗಾಜಿನ ಕೋಣೆಯಂತೆ ಅದು. ನಮ್ಮ ಹುಡುಗ ಬಾಗಿಲು ತೆರೆದು, "ಗುಡ್ ಮಾರ್ನಿಂಗ್ ಸರ್!" ಅಂದ ರಭಸಕ್ಕೆ ಹೊರಗಿದ್ದ ಸೆಕ್ಯುರಿಟಿಯವನು ಒಳಗೆ ಓಡಿ ಬಂದನಂತೆ. "ಯಾಕಪ್ಪಾ, ಜಗಳಕ್ಕೆ ಬಂದಿದೀಯಾ?" ಅಂತ ಆ ಸಾಹೇಬರು ಕೇಳಿದ್ದಾರೆ. "ಇಲ್ಲ ಸರ್! ನಮ್ ಸಾರ್‌ಗೆ ಹಿಂಗೇ ಹೇಳ್ಬೇಕು ಸರ್!" ಅಂದಿದ್ದಾನೆ. ಕೊನೆಗೆ ಆ ಬ್ಯಾಚಿನಲ್ಲಿ ಕೆಲಸ ಸಿಕ್ಕಿದ ಮಕ್ಕಳಲ್ಲಿ ಹೆಚ್ಚಿನವರು ಹೊರಗೆ ವಿಮಾನಕ್ಕೆ ಲಗೇಜು ತುಂಬುವ ಕಡೆಗೇ ಹೋದರು. ಅಲ್ಲಿಯ ಸದ್ದಿಗೆ ಇಂಥ ಗಂಟಲೇ ಬೇಕಿತ್ತಂತೆ. ಪವಿತ್ರಾ ಮಿಸ್ ನಗಬೇಕೋ ಅಳಬೇಕೋ ತಿಳಿಯದೆ ನನ್ನ ಅಡುಗೆಮನೆಯಲ್ಲಿ ಕೂತು ಎರಡನ್ನೂ ಮಾಡಿದಳು. ನಮ್ಮ ಮನೆಯವರು ಮಾತ್ರ, "ನಾನು ಕೂರಿಸ್ಕೊಂಡು ತಯಾರು ಮಾಡಿದ್ದಕ್ಕೇ ಕೆಲ್ಸ ಆಯ್ತು ನೋಡು" ಅಂತ ಮೀಸೆ ತಿರುವಿದರು.

ಎರಡನೆಯ ಬ್ಯಾಚಿನಲ್ಲಿ ಬಂದವಳು ಲಾವಣ್ಯ. ಹಿಂದಿನ ಬೀದಿಯವಳು, ಅವರ ಮನೆಯಲ್ಲಿ ಇನ್ನೂ ಮಗ್ಗ ಓಡುತ್ತದೆ. ಆ ಬೀದಿಗೆಲ್ಲ ಗಂಟಲಿಲ್ಲದ ಹುಡುಗಿ ಅವಳೊಬ್ಬಳೇ. ಶಾಲೆಯಲ್ಲಿ ಗಟ್ಟಿಯಾಗಿ ಓದು ಅಂದಾಗ ತಪ್ಪಿದ್ದಕ್ಕೆ ಇಡೀ ಕ್ಲಾಸು ನಕ್ಕಿತ್ತಂತೆ, ಮೇಡಮ್ಮೂ ನಕ್ಕಿದ್ದರಂತೆ. ಅವತ್ತು ಒಳಗೆ ಹೋದ ದನಿ ಹೊರಗೆ ಬರಲೇ ಇಲ್ಲ. ಹತ್ತನೇ ಕ್ಲಾಸೂ ಅಲ್ಲಿಗೇ ನಿಂತಿತು. ಮಿಸ್ ಎಷ್ಟು ಬಾಗಿ ಕೇಳಿದರೂ ಅವಳ ಪಿಸುಮಾತು ಪಿಸುಮಾತೇ. ಆ ಬ್ಯಾಚಿನವರು 'ತಾತ' ಅನ್ನುತ್ತಿದ್ದ ನಮ್ಮವರ ಮುಂದೆ ಅದು ನಡೆಯಲಿಲ್ಲ. ಅವಳು ತುಟಿ ಆಡಿಸುವುದು, ಇವರು "ಏನು ಮಗಾ?" ಅನ್ನುವುದು. ಒಂದು ದಿನವೂ ಗದರಲಿಲ್ಲ, ಒಂದು ದಿನವೂ ಕೇಳಿಸಿತು ಅಂತ ಸುಳ್ಳು ಹೇಳಲಿಲ್ಲ. ಮಧ್ಯಾಹ್ನವೆಲ್ಲ ಕೂತಿರುತ್ತಿದ್ದರು. ಮಾಡಲು ಬೇರೆ ಕೆಲಸವೂ ಇರಲಿಲ್ಲ ಅನ್ನಿ. ಹಾಗೆ ಹಾಗೆ ಅವಳ ದನಿ ಹಗ್ಗ ಹಾಕಿ ಎಳೆದ ಕೊಡದ ಹಾಗೆ ಸ್ವಲ್ಪ ಸ್ವಲ್ಪವೇ ಮೇಲೆ ಬಂತು. ಆ ಕೊನೆಯ ಸಂಜೆ ಕಾಫಿ ಕುಡಿಯುತ್ತಾ, "ಇವತ್ತು ಆ ಮಗು ಹೆಸ್ರು ಹೇಳಿದ್ದು ನಂಗೆ ಕೇಳಿಸ್ತು ಕಣೇ" ಅಂದಿದ್ದರು.

ಕಾರ್ಯವೆಲ್ಲ ಮುಗಿದ ಮೇಲೆ ಮಿಸ್ ಬಂದಳು. ಕಂಪನಿಯವರು ಇಂಟರ್‌ವ್ಯೂಗೆ ಕರೆದಿದ್ದಾರೆ, ಮುಂದಿನ ವಾರವೇ ಇದೆ, ಲಾವಣ್ಯ ಅಂಕಲ್ ಹೋದ ದಿನದಿಂದ ಕ್ಲಾಸಿಗೆ ಬರುತ್ತಿಲ್ಲ, ಉಳಿದವರೂ ಮಂಕಾಗಿದ್ದಾರೆ. "ಆಂಟಿ, ನೀವು ಕೂತ್ಕೊಳ್ಳಿ. ಅಂಕಲ್ ಪ್ರಶ್ನೆ ನಿಮಗೂ ಬಾಯಿಪಾಠ ಇರುತ್ತಲ್ಲ" ಅಂದಳು. ನಮ್ಮ ನಾದಿನಿ ಪದ್ದಕ್ಕ ಇನ್ನೂ ಊರಿಗೆ ಹೋಗಿರಲಿಲ್ಲ. "ಅಣ್ಣ ಹೋಗಿ ತಿಂಗಳಾಗಿಲ್ಲ, ಅವನ ಕುರ್ಚಿ ಮೇಲೆ ಕೂತು ಸಾಹೇಬ್ರು ಆಟ ಆಡ್ತೀಯಾ? ನೋಡಿದೋರು ಏನಂತಾರೆ?" ಅಂದಳು. ನನಗೂ ಮನಸ್ಸಿರಲಿಲ್ಲ. ಆದರೆ ಆ ಕುರ್ಚಿ ಖಾಲಿ ಇರುವುದನ್ನು ಅಡುಗೆಮನೆಯ ಕಿಟಕಿಯಿಂದ ನೋಡುವುದಕ್ಕಿಂತ ಅದರ ಮೇಲೆ ಕೂರುವುದೇ ವಾಸಿ ಅನ್ನಿಸಿತು. ಕೂತರೆ ಅದು ಕಾಣುವುದಿಲ್ಲವಲ್ಲ.

ನನ್ನಂಥ ಕೆಟ್ಟ ಸಾಹೇಬರು ಯಾವ ಕಂಪನಿಯಲ್ಲೂ ಇರಲಾರರು. ಮೊದಲ ಹುಡುಗ ಬಂದ. "ಬಾಪ್ಪಾ, ತಿಂಡಿ ಆಯ್ತಾ?" ಅಂದೆ. "ಆಂಟಿ, ಇಂಟರ್‌ವ್ಯೂನಲ್ಲಿ ತಿಂಡಿ ಕೇಳಲ್ಲ" ಅಂದ. ಆದರೂ ಆಗಿಲ್ಲ ಅಂತ ತಿಳಿದದ್ದೇ ಎದ್ದು ಹೋಗಿ ಚಿತ್ರಾನ್ನ ತಂದುಕೊಟ್ಟೆ. ಬಂದವರನ್ನೆಲ್ಲ ಸೆಲೆಕ್ಟ್ ಮಾಡಿದೆ. ಅಪ್ಪನ ಜೊತೆ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕೂರುವ ಒಬ್ಬ ಹುಡುಗನಂತೂ ನೇರವಾಗಿ ಹೇಳಿದ: "ಆಂಟಿ, ಭಯ ಹೋಗಿಸೋಕೆ ಅಲ್ವಾ ನೀವು ಕೂತಿರೋದು? ಅದು ಮೊದ್ಲು ಬರ್ಬೇಕಲ್ಲ! ತಾತನ ಮೀಸೆ ನೋಡಿದ್ರೆ ಸಾಕಿತ್ತು." ಮೀಸೆಗೆ ನಾನೇನು ಮಾಡಲಿ?

ಲಾವಣ್ಯಳನ್ನು ಕರೆಯಲು ನಾನೇ ಹೋದೆ. ಮಗ್ಗಗಳು ಓಡುತ್ತಿದ್ದವು, ಅವಳ ಅಮ್ಮ ಒಂದರ ಮುಂದೆ ನಿಂತಿದ್ದಳು, ಇವಳು ಮೂಲೆಯಲ್ಲಿ ಕೂತು ಲಾಳಿಯೊಳಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. "ಯಾಕಮ್ಮಾ ಬರ್ತಿಲ್ಲ?" ಅಂತ ಕೂಗಿದೆ. ಅವಳು ತುಟಿ ಆಡಿಸಿದಳು. ಅಷ್ಟು ವರ್ಷ ಆ ಸದ್ದಿನಲ್ಲಿ ಬಾಳಿದ ನನಗೆ ತುಟಿ ಓದಲು ಕಷ್ಟವೇ? "ನಿಮಗೆ ಕೇಳಿಸುತ್ತಲ್ಲ ಆಂಟಿ" ಅಂದಿದ್ದಳು. ನನಗೆ ಅರ್ಥವಾಗಲಿಲ್ಲ. ಅವಳೇ ಮುಂದುವರಿಸಿದಳು. "ಬೇರೆಯೋರಿಗೆ ಕೇಳಿಸುತ್ತೆ, ತಪ್ಪು ಹುಡುಕ್ತಾರೆ. ತಾತನಿಗೆ ನಿಜವಾಗ್ಲೂ ಕೇಳಿಸ್ತಿರ್ಲಿಲ್ಲ. ಪಾಪ, ಕೇಳ್ಲಿ ಅಂತ ಹೇಳ್ಬೇಕು ಅನ್ನಿಸ್ತಿತ್ತು."

ಸಂಸಾರ ಪೂರ್ತಿ ಅವರ ಆ ಕಿವಿಯನ್ನು ಬೈದುಕೊಂಡೇ ಕಳೆದವಳು ನಾನು. ನೋಡಿದರೆ ಇಡೀ ತಾಲ್ಲೂಕಿನಲ್ಲಿ ಈ ಹುಡುಗಿಗೆ ಬೇಕಾಗಿದ್ದದ್ದು ಆ ಕಿವಿಯೇ.

ಮರುದಿನ ಎರಡೂ ಕಿವಿಗೆ ಹತ್ತಿ ತುರುಕಿಕೊಂಡು ಅವಳನ್ನು ಕರೆಸಿ ಎದುರಿಗೆ ಕೂರಿಸಿಕೊಂಡೆ. ಅವಳು ಹತ್ತಿಯನ್ನು ನೋಡಿದಳು, ನನ್ನನ್ನು ನೋಡಿದಳು, ನಕ್ಕುಬಿಟ್ಟಳು. ನಾಟಕದ ಕಿವುಡು ಕೆಲಸಕ್ಕೆ ಬರಲಿಲ್ಲ. ಹತ್ತಿ ತೆಗೆಯಲು ಪದ್ದಕ್ಕ ಹೇರ್‌ಪಿನ್ನು ತಂದು ನನಗೆ ಬೇಕಾದಷ್ಟು ಬೈದದ್ದು ಬೇರೆ. ಆಗ ಹೊಳೆಯಿತು. ನನ್ನ ಕಿವಿ ಕೆಡಿಸಿಕೊಂಡು ಪ್ರಯೋಜನವಿಲ್ಲ, ನನಗೆ ನಿಜವಾಗಿ ಕೇಳಿಸದ ಜಾಗಕ್ಕೇ ಹೋಗಬೇಕು. ಇಂಟರ್‌ವ್ಯೂವನ್ನು ಲಾವಣ್ಯಳ ಮನೆಯಲ್ಲೇ, ಓಡುವ ಮಗ್ಗಗಳ ನಡುವೆ ಮಾಡಿದೆ. ಸ್ಟೂಲು ಹಾಕಿಕೊಂಡು ಕೂತು, ತುಟಿ ಓದಬಾರದೆಂದು ಕಣ್ಣು ಮುಚ್ಚಿಕೊಂಡೆ. "ನಿಮ್ಮ ಬಗ್ಗೆ ಹೇಳಿ" ಅಂತ ಕೂಗಿದೆ. ಏನೂ ಇಲ್ಲ, ಬರೀ ಮಗ್ಗ. "ಕೇಳಿಸ್ತಿಲ್ಲ!" ಅಂದೆ. ಅದು ನಿಜವೇ ಆಗಿತ್ತು. ಮತ್ತೆ ಮತ್ತೆ ಅಂದೆ. ಎಷ್ಟು ಹೊತ್ತಿನ ಮೇಲೋ ಸದ್ದಿನ ಆಚೆಯಿಂದ ಒಂದು ಹೆಸರು ಬಂತು. ಆಮೇಲೆ ಊರು, ಆಮೇಲೆ ಓದು. ಕೂಗು ಏರುತ್ತಾ ಹೋಯಿತು. ಮಗಳು ಹಾಗೆ ಕೂಗುವುದನ್ನು ಎಂದೂ ಕೇಳದ ಅವಳ ಅಮ್ಮ ಏನೋ ಆಯಿತೆಂದು ಗಾಬರಿಯಾಗಿ ಮೇನ್ ಸ್ವಿಚ್ಚನ್ನೇ ಆರಿಸಿಬಿಟ್ಟಳು. ಮಗ್ಗಗಳೆಲ್ಲ ಒಟ್ಟಿಗೆ ನಿಂತವು. ಆ ಮೌನದಲ್ಲಿ ಇಡೀ ಬೀದಿಗೆ ಕೇಳುವ ಹಾಗೆ, "ನನ್ನ ದೌರ್ಬಲ್ಯ ಗಣಿತ ಸಾರ್!" ಅಂತ ಬಂತು. ಪಕ್ಕದ ಮನೆಯಿಂದ ಯಾರೋ, "ನಮ್ಮ ಹುಡುಗಂದೂ ಅದೇ ಕಣಮ್ಮಾ!" ಅಂದರು. ಲಾವಣ್ಯ ಮುಖ ಮುಚ್ಚಿಕೊಂಡಳು. ಆದರೆ ಈ ಸಲ ಬೀದಿ ನಕ್ಕಾಗ ಅವಳೂ ಬೆರಳ ಸಂದಿಯಿಂದ ನಕ್ಕಳು.

ಅವಳಿಗೆ ಕೆಲಸ ಸಿಕ್ಕಿತು. ಇಂಟರ್‌ವ್ಯೂನಲ್ಲಿ ಎಲ್ಲದಕ್ಕೂ ಬಾಯಿಬಿಟ್ಟು ಉತ್ತರ ಹೇಳಿದಳಂತೆ. ಮಿಸ್ ಫೋನಿನಲ್ಲಿ ಅತ್ತಳು. ಕೆಲಸ ಏನೆಂದರೆ, ವಿಮಾನದಲ್ಲಿ ಹೊದೆಯಲು ಕೊಡುವ ಕಂಬಳಿಗಳನ್ನು ಒಗೆದ ಮೇಲೆ ಮಡಿಸಿ ಜೋಡಿಸುವುದು. ದಿನವೆಲ್ಲ ಯಾರೊಂದಿಗೂ ಒಂದು ಮಾತೂ ಆಡಬೇಕಾಗಿಲ್ಲ. ಇಷ್ಟಕ್ಕೆ ನಾವು ಇಷ್ಟೊಂದು ಗಂಟಲು ಹರಿದುಕೊಂಡೆವು. ಹತ್ತನೇ ಕ್ಲಾಸಿನ ಗಣಿತ ಇನ್ನೂ ಹಾಗೇ ಇದೆ, ಮುಂದಿನ ಸಲ ಪರೀಕ್ಷೆಗೆ ಕಟ್ಟುತ್ತಾಳಂತೆ.

ಹೋದ ಭಾನುವಾರ ರಜೆಗೆ ಬಂದಿದ್ದಳು, ಕಂಪನಿಯ ನೀಲಿ ಅಂಗಿಯಲ್ಲೇ. ಕಂಬಳಿಯ ಕಥೆ, ಬಸ್ಸಿನ ಕಥೆ, ಸೂಪರ್‌ವೈಸರ್ ಕಥೆ ಎಲ್ಲ ಒಂದೇ ಉಸಿರಿಗೆ ಹೇಳಿದಳು. ನಾನು ಕಾಫಿ ಕುಡಿಯುತ್ತೀಯಾ ಅಂದೆ. "ಏನಂದ್ರಿ?" ಅಂದಳು. ಮತ್ತೆ ಹೇಳಿದೆ. "ಆಂಟಿ, ಏನೂ ಕೇಳಿಸ್ತಿಲ್ಲ, ಗಂಟ್ಲು ಕಟ್ಟಿದ್ಯಾ?" ಅಂದಳು. ಗಂಟಲು ಸರಿಯಾಗೇ ಇದೆ. ಪದ್ದಕ್ಕ ಊರಿಗೆ ಹೋದ ಮೇಲೆ ಅದಕ್ಕೆ ಕೆಲಸವಿಲ್ಲ, ಅಷ್ಟೇ. ಬೇರೆಯವರನ್ನು ಇಂಟರ್‌ವ್ಯೂಗೆ ತಯಾರು ಮಾಡಿದ ಸಾಹೇಬರಿಗೇ ಈಗ ದನಿ ಹೊರಡುತ್ತಿಲ್ಲ. ಕೊನೆಗೆ ಲೋಟ ತೋರಿಸಿ ಕೈಸನ್ನೆ ಮಾಡಿದೆ, ಅವಳಿಗೆ ಅರ್ಥವಾಯಿತು. ಅವಳು ಹೋದ ಮೇಲೆ ಬಾಗಿಲು ಹಾಕಿಕೊಂಡೆ. ಈ ಮನೆಯಲ್ಲಿ ಈಗ ಚಿಲಕದ ಸದ್ದೂ ಕೇಳಿಸುತ್ತದೆ. ಕೇಳಿಸದ ಆ ಒಬ್ಬರು ಮಾತ್ರ ಇಲ್ಲ.