ನಿಂತಲ್ಲೇ ಎಂಟು ಪರ್ಸೆಂಟ್

ಗಣಪತಿಯ ಕಾರು ನಿಂತಲ್ಲೇ ಸೊರಗುತ್ತಿತ್ತು. ರಾತ್ರಿಯೆಲ್ಲ ಕರೆಂಟು ಕುಡಿದು ಬೆಳಿಗ್ಗೆ ಆರಕ್ಕೆ ತಂತಿ ಕಿತ್ತಾಗ ನೂರು ಪರ್ಸೆಂಟ್ ತೋರಿಸುತ್ತಿದ್ದ ಮೀಟರು, ಏಳಕ್ಕೆ ಹೊರಡುವಾಗ ತೊಂಬತ್ತೆರಡಕ್ಕೆ ಇಳಿದಿರುತ್ತಿತ್ತು. ಸಂಜೆ ಫ್ಯಾಕ್ಟರಿಯ ಅಂಗಳದಲ್ಲೂ ಇದೇ ಕತೆ. ಒಂದಿಂಚು ಕದಲದ ಕಾರು ಇನ್ನೊಂದು ಎಂಟು ಪರ್ಸೆಂಟ್ ಕಳೆದುಕೊಂಡು, ತನಗೇನೂ ಗೊತ್ತಿಲ್ಲ ಎಂಬಂತೆ ನಿಂತಿರುತ್ತಿತ್ತು.

ಇದು ಸಣ್ಣ ವಿಷಯವಲ್ಲ. ಅಡಿಲೇಡಿನ ಮಾಡ್ಬರಿಯಲ್ಲಿ ಮನೆ, ನಲವತ್ತು ಕಿಲೋಮೀಟರ್ ಆಚೆ ಬರೋಸಾ ಕಣಿವೆಯಲ್ಲಿ ವೈನ್ ಬಾಟ್ಲಿ ತುಂಬುವ ಫ್ಯಾಕ್ಟರಿಯಲ್ಲಿ ಎಂಜಿನಿಯರ್ ಕೆಲಸ. ಅಲ್ಲಿ ಚಾರ್ಜರ್ ಇಲ್ಲ. ಹಳೇ ಕಾರಾದ್ದರಿಂದ ಚಳಿಗಾಲದಲ್ಲಿ ಹೋಗಲು ನಲವತ್ತು, ಬರಲು ನಲವತ್ತು ಪರ್ಸೆಂಟ್ ಬೇಕೇ ಬೇಕು. ಎರಡು ಹೊತ್ತು ಎಂಟೆಂಟು ಮಾಯವಾದರೆ ಮನೆ ಮುಟ್ಟುವಾಗ ಉಳಿಯುವುದು ನಾಲ್ಕೇ ನಾಲ್ಕು. ಆ ನಾಲ್ಕನ್ನು ಕಾಪಾಡಿಕೊಳ್ಳಲು ಗಣಪತಿ ಹೀಟರ್ ಹಾಕುವುದನ್ನೇ ಬಿಟ್ಟಿದ್ದ. ತಲೆಗೆ ಮಂಕಿ ಟೋಪಿ, ತೊಡೆಯ ಮೇಲೆ ಮೈಸೂರಿನಿಂದ ತಂದ ಕಂಬಳಿ, ಕೈಗೆ ತೋಟದ ಕೆಲಸದ ಗ್ಲೌಸು. ಫ್ಯಾಕ್ಟರಿಯ ಗೇಟಿನಲ್ಲಿ ಕೂರುವ ಲಿಂಡಾ ಅವನನ್ನು ದಿನವೂ, “ಗುಡ್ ಮಾರ್ನಿಂಗ್, ಬ್ಯಾಂಕ್ ರಾಬರ್” ಎಂದೇ ಒಳಗೆ ಬಿಡುತ್ತಿದ್ದಳು.

ಒಂದು ವಿಷಯದಲ್ಲಿ ಮಾತ್ರ ಅವನ ಅದೃಷ್ಟ ಚೆನ್ನಾಗಿತ್ತು. ಅಕ್ಕಪಕ್ಕದವರೆಲ್ಲ ಬೆಳಿಗ್ಗೆ ಎದ್ದು ಕಾರಿನ ಗಾಜಿನ ಮೇಲೆ ಕೂತ ಹಿಮ ಕೆರೆಯುತ್ತ ನಿಂತಿದ್ದರೆ, ಗಣಪತಿಯ ಕಾರಿನ ಗಾಜು ಬರೀ ಒದ್ದೆಯಾಗಿರುತ್ತಿತ್ತು. ಯಾವುದೋ ಜನ್ಮದ ಪುಣ್ಯ ಎಂದುಕೊಂಡು ಅವನು ಸುಮ್ಮನಿದ್ದ.

ಹೆಂಡತಿ ವನಜಾ ಡಾಕ್ಟರು. ಫೆಬ್ರುವರಿಯಲ್ಲಿ ಅವಳಿಗೆ ಬ್ರಿಸ್ಬೇನಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು, ಮಗಳು ಪ್ರಣತಿಗೆ ಅಲ್ಲೇ ಕಾಲೇಜು ಸಿಕ್ಕಿತು. ಇಬ್ಬರೂ ಅಲ್ಲಿಯ ರನ್‌ಕಾರ್ನ್ ಬಡಾವಣೆಯಲ್ಲಿ ಮನೆ ಮಾಡಿದರು. ಅವರ ಜೊತೆ ಕುಕ್ಕರು ಹೋಯಿತು, ದೇವರ ಮಂಟಪ ಹೋಯಿತು, ವೀಣೆ ಹೋಯಿತು, ಗಣಪತಿಯ ಹಳೇ ಫೋನಿಗೆ ಹತ್ತದೆ ವನಜಾಳ ಫೋನಿನಲ್ಲಿ ಹಾಕಿಸಿದ್ದ ಕಾರಿನ ಆ್ಯಪ್ ಕೂಡ ಹೋಯಿತು. ಗಣಪತಿಗೆ ಉಳಿದದ್ದು ಮಿಕ್ಸಿ, ಕಾರು ಮತ್ತು ಅಡುಗೆಮನೆಯ ಎರಡು ಗಡಿಯಾರ. ಒಂದು ಇಲ್ಲಿಯದು, ಇನ್ನೊಂದು ಬ್ರಿಸ್ಬೇನಿನದು. ಅಲ್ಲಿ ಅರ್ಧ ಗಂಟೆ ಮುಂದೆ. ರೋಗಿಯ ಜ್ವರವನ್ನು ಅರ್ಧ ಡಿಗ್ರಿ ಬಿಡದೆ ಅಳೆಯುವ ವನಜಾ ಈ ಅರ್ಧ ಗಂಟೆಯನ್ನು ಮಾತ್ರ ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. “ಏಳಕ್ಕೆ ಫೋನ್ ಮಾಡ್ತೀನಿ” ಎಂದರೆ ಅವಳ ಏಳು. ಹೊಂದಿಸಿಕೊಳ್ಳುವ ಕೆಲಸ ಗಣಪತಿಯದು.

ಸಂಜೆಯ ಊಟ ಅವರದು ವಿಡಿಯೋ ಕಾಲಿನಲ್ಲಿ. ಉಪ್ಪಿನಕಾಯಿ ಬಾಟ್ಲಿಗೆ ಫೋನು ಒರಗಿಸಿ ಗಣಪತಿ ತಟ್ಟೆಯ ಮುಂದೆ ಕೂರುತ್ತಿದ್ದ. ಇಡೀ ದಿನದಲ್ಲಿ ಅವನು ಕನ್ನಡದಲ್ಲಿ ನಗುವುದು ಆ ಅರ್ಧ ಗಂಟೆ ಮಾತ್ರ. ಈ ವಾರ ವನಜಾಳಿಗೆ ನೈಟ್ ಡ್ಯೂಟಿಯಾದ್ದರಿಂದ ಒಂದು ದಿನವೂ ಊಟ ಒಟ್ಟಿಗೆ ಆಗಿರಲಿಲ್ಲ. ಆದರೆ ಇವತ್ತು ಮದುವೆಯಾಗಿ ಇಪ್ಪತ್ತು ವರ್ಷ. ಇಲ್ಲಿಯ ಆರೂವರೆಗೆ ಫೋನು, ಇಲ್ಲಿಯದೇ ಏಳಕ್ಕೆ ಅವಳು ಆಸ್ಪತ್ರೆಗೆ ಹೊರಡಬೇಕು. ಎರಡೂ ಮನೆಯಲ್ಲಿ ಬಿಸಿಬೇಳೆಬಾತ್. ತಪ್ಪಿಸಿಕೊಂಡರೆ ಮತ್ತೆ ಸಿಗುವುದಿಲ್ಲ.

ಬಾತ್ ಬೆಳಿಗ್ಗೆಯೇ ಮಾಡಿಟ್ಟು ಹೊರಗೆ ಬಂದರೆ ಪಕ್ಕದ ಮನೆಯ ಮಹಾಬಲೇಶ್ವರ ಅಂಕಲ್ ಕಾರಿನ ಬಾಗಿಲಿಗೆ ಒರಗಿಕೊಂಡು ನಿಂತಿದ್ದರು. ಮೂವತ್ತಾರು ವರ್ಷ ಕರ್ನಾಟಕದ ವಿದ್ಯುತ್ ಮಂಡಳಿಯಲ್ಲಿ ದುಡಿದು ರಿಟೈರ್ ಆಗಿ, ಮಗನ ಮನೆಗೆ ಬಂದವರು. ಮಗ ಸೊಸೆ ಕೆಲಸಕ್ಕೆ ಹೋದ ಮೇಲೆ ಮಾತಾಡಲು ಯಾರೂ ಸಿಗದೆ ಗೋಡೆಯ ಸ್ವಿಚ್ಚುಗಳನ್ನು ಒಂದೊಂದಾಗಿ ಪರೀಕ್ಷಿಸುತ್ತ ದಿನ ದೂಡುತ್ತಿದ್ದರು. ಜೇಬಿನಲ್ಲಿ ಸದಾ ಒಂದು ಟೆಸ್ಟರ್.

“ಎಷ್ಟ್ ತೋರಿಸ್ತಿದೆ?”

“ತೊಂಬತ್ತೆರಡು, ಅಂಕಲ್. ಚಳಿಗೆ ಬ್ಯಾಟರಿ ಹೀಗೇ ಅಂತೆ.”

“ಚಳಿಗೆ ಕರೆಂಟ್ ನಡುಗುತ್ತೇನ್ರೀ? ಇದು ಕಳ್ಳತನ. ಯಾರೋ ಹುಕ್ ಹಾಕ್ತಿದಾರೆ. ನಾನು ವಿಜಿಲೆನ್ಸ್‌ನಲ್ಲಿದ್ದಾಗ ಮಂಡ್ಯದಲ್ಲಿ ಒಂದೇ ರಾತ್ರಿ ನಲವತ್ತು ಪಂಪ್‌ಸೆಟ್ ಹಿಡಿದವನು.”

“ಲೈನ್ ಲಾಸ್ ಏನಾದ್ರೂ ಇರಬಹುದಾ?”

“ಲೈನ್ ಲಾಸ್ ಅಂದ್ರೆ ಬೇರೆ. ದೂರದಿಂದ ಕಳಿಸಿದ ಕರೆಂಟು ಮನೆಗೆ ಪೂರ್ತಿ ಮುಟ್ಟಲ್ಲ, ಒಂದಿಷ್ಟು ದಾರೀಲೇ ಹೋಗ್ಬಿಡತ್ತೆ. ಅದಕ್ಕೆ ಯಾರನ್ನೂ ಬಯ್ಯಕ್ಕಾಗಲ್ಲ. ನಿಂತಿರೋ ಕಾರಿಗೆ ಲೈನ್ ಎಲ್ಲಿದೆ? ಕಳ್ಳ ಇಲ್ಲೂ ಇದಾನೆ, ನಿಮ್ಮ ಫ್ಯಾಕ್ಟರೀಲೂ ಇದಾನೆ. ಮೊದ್ಲು ಅಲ್ಲಿರೋನನ್ನ ಹಿಡಿಯೋಣ. ಇವತ್ತು ನಾನೂ ಬರ್ತೀನಿ.”

ಬೇಡವೆನ್ನಲು ಗಣಪತಿ ಬಾಯಿ ತೆರೆಯುವುದರೊಳಗೆ ಅಂಕಲ್ ಸೀಟಿನಲ್ಲಿ ಕೂತು, ಫ್ಲಾಸ್ಕು, ಚಪಾತಿ ಡಬ್ಬಿ ಮತ್ತು ತಮ್ಮದೇ ಮಂಕಿ ಟೋಪಿಯ ಸಮೇತ ಬೆಲ್ಟ್ ಹಾಕಿಕೊಂಡಾಗಿತ್ತು. ಪಕ್ಕದಲ್ಲಿ ಒಬ್ಬ ಮನುಷ್ಯ ಕೂತು ಎಷ್ಟು ತಿಂಗಳಾಯಿತು ಎಂದು ಗಣಪತಿಗೆ ಹೊಳೆದದ್ದೇ ಆಗ. ಸುಮ್ಮನೆ ಕಂಬಳಿಯ ಒಂದು ತುದಿಯನ್ನು ಅವರ ಕಡೆಗೆ ಸರಿಸಿದ.

ಫ್ಯಾಕ್ಟರಿಯ ಗೇಟು ಬರುವ ಮುಂಚೆಯೇ ಅಂಕಲ್ ಹಿಂದಿನ ಸೀಟಿಗೆ ದಾಟಿ, ಮೈತುಂಬ ಕಂಬಳಿ ಹೊದ್ದು ಅಡಗಿ ಕುಳಿತರು. “ನೀವು ಡೋರ್ ಲಾಕ್ ಮಾಡ್ಕೊಂಡು ಹೋಗಿ. ನಾನಿದೀನಿ ಅಂತ ಯಾರಿಗೂ ಗೊತ್ತಾಗಬಾರದು. ಹಾಡು ಕೇಳೋಕೆ ರೇಡಿಯೋ ಒಂದು ಹಾಕಿರಿ.” ಮಧ್ಯಾಹ್ನ ಲಿಂಡಾ ಊಟಕ್ಕೆ ಎದ್ದ ಹೊತ್ತಿನಲ್ಲಿ ಒಂದು ಸಲ ಗಣಪತಿ ಬಂದು ಅವರನ್ನು ಎದುರಿನ ಪಾರ್ಕಿನ ಟಾಯ್ಲೆಟ್ಟಿಗೆ ಕರೆದುಕೊಂಡು ಹೋಗಿ ಬಂದ. ಕಳ್ಳನ ಸುಳಿವಿರಲಿಲ್ಲ.

ನಾಲ್ಕೂ ಹತ್ತಕ್ಕೆ ಫೋನು ಬಂತು.

“ಗಣಪತಿ, ಕಾರಲ್ಲಿ ಇನ್ಯಾರೋ ಇದಾರೆ ಕಣ್ರೀ!” ಅಂಕಲ್ ಪಿಸುಗುಟ್ಟಿದರು. “ಫ್ಯಾನ್ ತಾನಾಗೇ ತಿರುಗ್ತಿದೆ. ಕಿವಿ ಹತ್ರ ಬಿಸಿ ಉಸಿರು ಬಿಡ್ತಿದೆ!”

ಫೋನು ಅವರ ಕೈಯಿಂದ ಬಿದ್ದ ಸದ್ದು, ಹಿಂದೆಯೇ ಬಾಗಿಲು ಒಳಗಿನಿಂದ ತೆರೆದ ಸದ್ದು, ಅದರ ಹಿಂದೆ ಇಡೀ ಕಣಿವೆಗೆ ಕೇಳುವಂತೆ ಕಾರಿನ ಅಲಾರಂ. ಗಣಪತಿ ತಲೆಯ ಪ್ಲಾಸ್ಟಿಕ್ ಟೋಪಿ ತೆಗೆಯದೆ ಓಡಿ ಬಂದಾಗ ಲಿಂಡಾ ಕಾರಿನ ಮುಂದಿದ್ದಳು. ಅವಳೆದುರು ಅಂಕಲ್ ಟೆಸ್ಟರನ್ನು ಚೂರಿಯ ಹಾಗೆ ಹಿಡಿದು, ಎರಡೇ ಕಣ್ಣು ಕಾಣುವ ಮಂಕಿ ಟೋಪಿಯೊಳಗಿಂದ, “ವಿಜಿಲೆನ್ಸ್! ಐ ಆ್ಯಮ್ ವಿಜಿಲೆನ್ಸ್!” ಎಂದು ಕೂಗುತ್ತಿದ್ದರು.

“ಗಣಪತಿ, ಡು ಯೂ ನೋ ದಿಸ್ ಮ್ಯಾನ್?”

“ಯೆಸ್. ಹಿ ಈಸ್ ಮೈ ಅಂಕಲ್.”

“ಯುವರ್ ಡ್ಯಾಡ್ಸ್ ಬ್ರದರ್?”

“ನೋ ನೋ, ನೆಕ್ಸ್ಟ್ ಡೋರ್ ಅಂಕಲ್.”

ಮ್ಯಾನೇಜರ್ ಬಂದ. ಎರಡು ಫಾರಂ ಬಂದವು. “ವಾಹನದಲ್ಲಿ ಇದ್ದ ಕಾರಣ” ಎಂಬ ಜಾಗದಲ್ಲಿ ಏನು ಬರೆಯುವುದೆಂದು ಯಾರಿಗೂ ತಿಳಿಯಲಿಲ್ಲ. “ಲೈನ್ ಇನ್‌ಸ್ಪೆಕ್ಷನ್ ಅಂತ ಬರೀರಿ” ಎಂದು ಅಂಕಲ್ ಒತ್ತಾಯ ಮಾಡಿದರು. ಎಲ್ಲ ಮುಗಿಯುವಾಗ ಐದೂಮುಕ್ಕಾಲು. ಎಂದಿನ ಎಂಟರ ಜೊತೆ ದಿನವಿಡೀ ಹಾಡಿದ ರೇಡಿಯೋ, ಅಲಾರಂ ಎಲ್ಲ ಸೇರಿ ಮೀಟರು ಮೂವತ್ತೆಂಟಕ್ಕೆ ಇಳಿದಿತ್ತು. ಬೇಕಾದದ್ದು ನಲವತ್ತು.

ಆ ಸಂಜೆ ಅವರು ಹೋದಷ್ಟು ನಿಧಾನವಾಗಿ ಬರೋಸಾ ರಸ್ತೆಯಲ್ಲಿ ದ್ರಾಕ್ಷಿ ಟ್ರ್ಯಾಕ್ಟರುಗಳೂ ಹೋಗಿರಲಿಲ್ಲ. ಗಂಟೆಗೆ ನಲವತ್ತು ಕಿಲೋಮೀಟರ್. ಹೀಟರ್ ಇಲ್ಲ, ರೇಡಿಯೋ ಇಲ್ಲ, ಹಿಂದೆ ಹಾರ್ನ್ ಹೊಡೆಯುವ ಲಾರಿಗಳ ಸಾಲು. ಬಾಯಿಂದ ಬಂದ ಹೊಗೆ ಗಾಜಿಗೆ ಹತ್ತಿದರೆ ಅಂಕಲ್ ಕರವಸ್ತ್ರದಲ್ಲಿ ಒರೆಸುತ್ತಿದ್ದರು.

“ಫ್ಯಾನ್ ನಿಜವಾಗ್ಲೂ ತಾನಾಗೇ ತಿರುಗ್ತು ಕಣ್ರೀ” ಎಂದರು, ನಾಲ್ಕನೆಯ ಸಲ.

“ನೀವೇ ಏನೋ ಒತ್ತಿರ್ತೀರ, ಅಂಕಲ್!” ಗಣಪತಿ ರೇಗಿದ. “ವರ್ಷಕ್ಕೊಂದು ದಿನ. ಅವಳ ಜೊತೆ ಅರ್ಧ ಗಂಟೆ ಊಟ ಮಾಡ್ಬೇಕು ಅಂತ ಇದ್ದೆ. ನಿಮ್ಮ ಪತ್ತೇದಾರಿಕೆಯಿಂದ ಅದೂ ಹೋಯ್ತು.”

ಅಂಕಲ್ ಕರವಸ್ತ್ರದ ಇನ್ನೊಂದು ಮಗ್ಗುಲು ತಿರುಗಿಸಿಕೊಂಡರು. ಮಾಡ್ಬರಿ ಬರುವವರೆಗೂ ಗಾಜು ಒರೆಸುತ್ತಲೇ ಇದ್ದರು. ಇಳಿಯುವಾಗ ಕಂಬಳಿಯನ್ನು ನೀಟಾಗಿ ಮಡಿಸಿ ಸೀಟಿನ ಮೇಲಿಟ್ಟು, ಕೈಯಾಡಿಸಿ ಸುಕ್ಕು ಬಿಡಿಸಿ ಹೋದರು. ಮೀಟರಿನಲ್ಲಿ ಎರಡು ಉಳಿದಿತ್ತು.

ಅಡುಗೆಮನೆಯಲ್ಲಿ ಇಲ್ಲಿಯ ಗಡಿಯಾರ ಆರೂ ಐವತ್ತು ತೋರಿಸುತ್ತಿತ್ತು. ಬಾತ್ ಬಿಸಿ ಮಾಡಲು ಹೊತ್ತಿರಲಿಲ್ಲ. ತಣ್ಣನೆಯದನ್ನೇ ತಟ್ಟೆಗೆ ಹಾಕಿಕೊಂಡು, ಬಾಟ್ಲಿಗೆ ಫೋನು ಒರಗಿಸಿದ.

“ಎಲ್ ಹೋಗಿದ್ರಿ? ಇನ್ ಹತ್ ನಿಮಿಷಕ್ಕೆ ಹೊರಡ್ಬೇಕು ನಾನು!” ವನಜಾ ರೇಷ್ಮೆ ಸೀರೆ ಉಟ್ಟಿದ್ದಳು, ಅದರ ಮೇಲೇ ಆಸ್ಪತ್ರೆಯ ಗುರುತಿನ ಚೀಟಿ ನೇತುಹಾಕಿಕೊಂಡಿದ್ದಳು. ಹಿಂದಿನಿಂದ ಪ್ರಣತಿ ಇಣುಕಿದಳು. “ಹ್ಯಾಪಿ ಆ್ಯನಿವರ್ಸರಿ, ಅಪ್ಪಾ! ಓ ಮೈ ಗಾಡ್, ಯೂ ಲುಕ್ ಫ್ರೋಝನ್!”

“ಫ್ರೋಝನ್ ಯಾಕಾಗ್ತಾರೆ?” ವನಜಾ ನಕ್ಕಳು. “ಕಾರು ಬೆಚ್ಚಗಿತ್ತು ತಾನೇ? ಇವತ್ತು ಸ್ಪೆಷಲ್ ಅಂತ ಸಂಜೆ ಇಪ್ಪತ್ತೆಂಟು ಡಿಗ್ರಿಗೆ ಇಟ್ಟಿದ್ದೆ.”

ಗಣಪತಿಯ ಚಮಚ ಅಲ್ಲೇ ನಿಂತಿತು. “ಏನು?”

“ಎರಡು ತಿಂಗಳಾಯ್ತು, ಇನ್ನೂ ಗೊತ್ತಾಗ್ಲಿಲ್ವಾ? ಒಳ್ಳೆ ಎಂಜಿನಿಯರು! ಆ್ಯಪಲ್ಲಿ ದಿನಾ ನಾನೇ ಹೀಟರ್ ಹಾಕ್ತಿದೀನಿ ರೀ. ನೀವು ಏಳಕ್ಕೆ ಹತ್ತೋ ಹೊತ್ತಿಗೆ ಒಂದ್ಸಲ, ಐದಕ್ಕೆ ಹೊರಡೋ ಹೊತ್ತಿಗೆ ಒಂದ್ಸಲ. ಇಪ್ಪತ್ತು ನಿಮಿಷ ಮುಂಚೇನೇ. ನೈಟ್ ಡ್ಯೂಟಿ ಇದ್ರೂ ವಾರ್ಡಲ್ಲಿ ಗಡಿಯಾರ ನೋಡ್ಕೊಂಡು ಒತ್ತಿದೀನಿ.” ಅವಳ ದನಿ ಸ್ವಲ್ಪ ತಗ್ಗಿತು. “ಇಲ್ಲಿಂದ ನಿಮಗೊಂದು ಲೋಟ ಕಾಫಿ ಕೊಡಕ್ಕಾಗಲ್ಲ. ಇದೊಂದಾದ್ರೂ ಆಗತ್ತಲ್ಲ ಅಂತ.”

ಗಣಪತಿ ತಲೆಯೆತ್ತಿ ಗೋಡೆ ನೋಡಿದ. ಎರಡು ಗಡಿಯಾರ, ನಡುವೆ ಅರ್ಧ ಗಂಟೆ. ಅವಳ ಏಳು ಎಂದರೆ ಇಲ್ಲಿ ಆರೂವರೆ. ಅವಳ ಐದು ಎಂದರೆ ನಾಲ್ಕೂವರೆ. ಎರಡು ತಿಂಗಳಿಂದ ಅವಳು ಕಳಿಸಿದ ಬಿಸಿಯೆಲ್ಲ ಖಾಲಿ ಕಾರಿನಲ್ಲಿ ತುಂಬಿ, ಗಾಜಿನ ಹಿಮ ಕರಗಿಸಿ, ಅವನು ಬಂದು ಬಾಗಿಲು ತೆರೆಯುವುದರೊಳಗೆ ಆರಿಹೋಗಿತ್ತು. ಆ ಬಿಸಿಗೆ ಹೋದ ಎಂಟು ಪರ್ಸೆಂಟ್ ಸರಿದೂಗಿಸಲು ಅವನು ನಡುಗಿಕೊಂಡು ಕಾರು ಓಡಿಸಿದ್ದ. ಆ ಮುದುಕರನ್ನು ಬೈದಿದ್ದ.

ಹೇಳಿಬಿಡಬೇಕು ಎಂದು ಬಾಯಿ ತೆರೆದ. ಸೀರೆಯ ಮೇಲೆ ಗುರುತಿನ ಚೀಟಿ ತೊಟ್ಟುಕೊಂಡು ವನಜಾ ಅವನ ಮುಖವನ್ನೇ ನೋಡುತ್ತಿದ್ದಳು.

“ಬೆಚ್ಚಗಿತ್ತು ಕಣೆ” ಎಂದ. “ದಿನಾ ಬೆಚ್ಚಗಿರತ್ತೆ. ಅದಕ್ಕೇ ಯೋಚ್ನೆ ಮಾಡ್ತಿದ್ದೆ, ಯಾರಪ್ಪಾ ಅಂತ.”

“ಹಾಗಾದ್ರೆ ನಾಳೆಯಿಂದ ಮೂವತ್ತಕ್ಕೆ ಇಡ್ತೀನಿ!” ವನಜಾಳ ಮುಖ ಅರಳಿತು. ಎರಡು ತುತ್ತು ಒಟ್ಟಿಗೆ ತಿಂದರು. ಅವಳು ಬ್ಯಾಗು ಹುಡುಕುತ್ತ ಎದ್ದಳು, ಫೋನು ಕಟ್ಟಾಯಿತು. ಗಣಪತಿ ಉಳಿದ ತಣ್ಣನೆಯ ಬಾತನ್ನು ಒಬ್ಬನೇ ಮುಗಿಸಿದ.

ಮರುದಿನ ಬೆಳಿಗ್ಗೆ ಆರಕ್ಕೆ ಕಾರಿನ ತಂತಿ ಕಿತ್ತು, ಪಕ್ಕದ ಮನೆಯ ಬಾಗಿಲು ಬಡಿದ. ಆರೂ ಹತ್ತಕ್ಕೆ ಇಬ್ಬರೂ ನಿಂತ ಕಾರಿನಲ್ಲಿ ಕೂತಿದ್ದರು, ಕೈಯಲ್ಲಿ ಒಂದೊಂದು ಲೋಟ ಕಾಫಿ. ಫ್ಯಾನು ತಾನಾಗಿ ತಿರುಗಿತು. ಬಿಸಿ ಗಾಳಿ ಮುಖಕ್ಕೆ ಬಡಿಯಿತು. ಗಣಪತಿ ಮಂಕಿ ಟೋಪಿ ತೆಗೆದು ಕಣ್ಣು ಮುಚ್ಚಿಕೊಂಡ.

“ನಾನು ಹೇಳಿರ್ಲಿಲ್ವಾ?” ಎಂದರು ಅಂಕಲ್.

“ಹೇಳಿದ್ರಿ ಅಂಕಲ್. ತಪ್ಪಾಯ್ತು.” ಗಣಪತಿ ವಿಷಯವನ್ನೆಲ್ಲ ಹೇಳಿದ. ಅಂಕಲ್ ಫ್ಯಾನಿನ ಎದುರು ಅಂಗೈ ಹಿಡಿದು ಬಿಸಿ ನೋಡಿದರು. ಗಾಜಿನ ಹಿಮ ಕರಗಿ ನೀರಾಗಿ ಇಳಿಯುತ್ತಿತ್ತು.

“ಹಾಗಾದ್ರೆ ಕಳ್ಳತನ ಅಲ್ಲ. ಲೈನ್ ಲಾಸೇ” ಎಂದರು. “ಅವರಿಗೆ ಹೇಳಲ್ವಾ?”

“ಇಲ್ಲ.”

ಆರೂವರೆಗೆ ಫ್ಯಾನು ನಿಂತಿತು. ಇಬ್ಬರೂ ಇನ್ನೊಂದಿಷ್ಟು ಹೊತ್ತು ಹಾಗೇ ಕೂತಿದ್ದರು. ಏಳಕ್ಕೆ ಅಂಕಲ್ ಲೋಟ ತೆಗೆದುಕೊಂಡು ಇಳಿದು ಹೋದರು. ಅಷ್ಟರಲ್ಲಿ ಕಾರಿನ ಒಳಗೂ ಹೊರಗೂ ಒಂದೇ ಚಳಿ. ಮೀಟರು ನೋಡಿದರೆ ಈ ಸಲ ತೊಂಬತ್ತು. ಗಣಪತಿ ಟೋಪಿ ಎಳೆದುಕೊಂಡು, ಕಂಬಳಿ ಹೊದ್ದು, ನಲವತ್ತರ ವೇಗದಲ್ಲಿ ಫ್ಯಾಕ್ಟರಿಯ ಕಡೆಗೆ ಹೊರಟ.